ಪದಚರ್ಚೆ: 'ಕ್ಯಾಟಿನರಿ'ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ಜೋತುಬಿಟ್ಟ ಸರಪಳಿಯ ಬಾಗಿಗೆ ಇಂಗ್ಲಿಷಿನಲ್ಲಿ 'ಕ್ಯಾಟಿನರಿ' ಅನ್ನುತ್ತಾರೆ. ಅದಕ್ಕೊಂದು ಕನ್ನಡ ಪದ ಬೇಕು, ಅದೂ ಬೇಗ. ಬೇರೆ ಬೇರೆ ದೇಶಗಳ ವಿಶಿಷ್ಟ ಕಟ್ಟಡಗಳ ಬಗ್ಗೆ ಶಾಲಾ ಮಕ್ಕಳಿಗಾಗಿ ಒಂದು ಪ್ರದರ್ಶನ ನಡೆಯಲಿದೆ. ಅದರ ಫಲಕಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಬೆಳಿಗ್ಗೆ ಎಲ್ಲ ಅಚ್ಚಿಗೆ ಹೋಗಬೇಕು. ರಾಟರ್‌ಡ್ಯಾಮಿನ ಓರೆಯಾಗಿ ನಿಂತ ಘನಾಕಾರದ ಮನೆಗಳು, ಮಾಂಟ್ರಿಯಲ್‌ನ ಹ್ಯಾಬಿಟ್ಯಾಟ್ 67, ಇವೆಲ್ಲ ಸಲೀಸಾಗಿ ಬಂದವು. ಸ್ಪೇನಿನ ವಾಸ್ತುಶಿಲ್ಪಿ ಆಂಟೊನಿ ಗೌಡಿಯ ಫಲಕದಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಇದು. ಬಾರ್ಸಿಲೋನಾ ಹತ್ತಿರ ಎವುಸೆಬಿ ಗ್ವೆಲ್ ಎಂಬ ಉದ್ಯಮಿ ತನ್ನ ಬಟ್ಟೆ ಗಿರಣಿಯ ಕೆಲಸಗಾರರಿಗೆ ಒಂದು ಊರನ್ನೇ ಕಟ್ಟಿಸಿದ. ಅಲ್ಲಿಗೊಂದು ಚರ್ಚ್ ಬೇಕು ಅಂತ 1898ರಲ್ಲಿ ಗೌಡಿಗೆ ಹೇಳಿದ. ಗೌಡಿ ಮೇಲಿನಿಂದ ದಾರಗಳನ್ನು ಜೋತುಬಿಟ್ಟ. ಕಟ್ಟಡದ ಭಾರ ಎಲ್ಲೆಲ್ಲಿ ಬೀಳುತ್ತದೋ ಅಲ್ಲಲ್ಲಿ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ. ಹತ್ತರಲ್ಲಿ ಒಂದು ಅಳತೆಯ ಮಾದರಿ ಅದು. ಅದರ ಫೋಟೊ ತೆಗೆಸಿ ತಲೆಕೆಳಗು ಹಿಡಿದರೆ ಚರ್ಚಿನ ಕಮಾನುಗಳು ಎದ್ದು ನಿಂತಂತೆ ಕಾಣುತ್ತಿದ್ದವು. ಆ ಫೋಟೊದ ಮೇಲೆಯೇ ಬಣ್ಣ ಹಚ್ಚಿ ಚರ್ಚಿನ ಚಿತ್ರ ಬರೆಯುತ್ತಿದ್ದ.

ನಮ್ಮ ಪ್ರದರ್ಶನದಲ್ಲಿ ಮಕ್ಕಳೇ ಒಂದು ಸರಪಳಿ ಜೋತುಬಿಟ್ಟು, ಕೆಳಗಿಟ್ಟ ಕನ್ನಡಿಯಲ್ಲಿ ಕಮಾನು ನೋಡಬಹುದು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಆ ಆಕಾರದ ಹೆಸರು ಬರಬೇಕು. ಎರಡು ಪದಕ್ಕಿಂತ ಜಾಸ್ತಿ ಜಾಗ ಇಲ್ಲ. ಏನು ಬರೆಯಲಿ?

— ಸು.

*

ರಜ್ಜುವಕ್ರ. ಪರವಲಯ (ಪ್ಯಾರಾಬೊಲಾ), ದೀರ್ಘವೃತ್ತಗಳ ಸಾಲಿಗೆ ಸರಿಯಾಗಿ ಹೊಂದುತ್ತದೆ. ಮುಂದೆ ಗಣಿತ ಓದುವಾಗ ಮಕ್ಕಳಿಗೆ ಈ ಬಗೆಯ ಪದವೇ ಎದುರಾಗುವುದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

— ಶ್ರೀ. ವೆಂ., ಮೈಸೂರು

*

ಚರ್ಚೆಗೆ ಬೇಕಾದಷ್ಟಿದೆ. ಐದನೇ ಕ್ಲಾಸಿನ ಹುಡುಗಿಗೆ 'ರಜ್ಜು' ಅಂದರೆ ಏನು ಗೊತ್ತಾಗುತ್ತದೆ? ಹಗ್ಗ ಅನ್ನಿ, ಮಿಣಿ ಅನ್ನಿ, ಗೊತ್ತಾಗುತ್ತದೆ. ಅದು ಜೋಲುವ ಗೆರೆ. ಹಾಗಾಗಿ 'ಜೋಲುಗೆರೆ' ಅಂತ ಬರೆಯಿರಿ. ನಾಲ್ಕೇ ಅಕ್ಷರ, ಪೂರ್ತಿ ಕನ್ನಡ.

ಹಾಗೇ ಇನ್ನೊಂದು ಮಾತು. ಫಲಕದಲ್ಲಿ 'ಕಮಾನು' ಬೇಡ. ಅದು ಪಾರ್ಸಿಯಿಂದ ಬಂದದ್ದು. ಪಾರ್ಸಿಯಲ್ಲಿ 'ಕಮಾನ್' ಅಂದರೆ ಬಿಲ್ಲು. ನಮ್ಮದೇ 'ಬಿಲ್ಲು' ಇರುವಾಗ ಅದೇ ಅರ್ಥದ ಇನ್ನೊಂದು ಪದವನ್ನು ಏಕೆ ಹೊರಬೇಕು?

— ಬ. ಹೊ., ದಾವಣಗೆರೆ

*

ಕಮಾನು ಪಾರ್ಸಿಯದು ಅಂತ ಎಲ್ಲರೂ ಸುಮ್ನೆ ಹೇಳಿಕೊಂಡು ಬಂದಿದ್ದಾರೆ. ನನ್ನ ಬಲವಾದ ನಂಬಿಕೆ, ಅದು 'ಕಾಮನಬಿಲ್ಲು' ಪದದಿಂದ ಬಂದದ್ದು. ಕಾಮನಬಿಲ್ಲು ಬಾಗಿರುತ್ತದೆ, ಕಮಾನೂ ಬಾಗಿರುತ್ತದೆ. ಆಡುತ್ತ ಆಡುತ್ತ 'ಬಿಲ್ಲು' ಬಿದ್ದುಹೋಗಿ 'ಕಾಮನ' ಉಳಿಯಿತು, ಅದು 'ಕಮಾನು' ಆಯಿತು. ಇದನ್ನು ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರ ಕೊಡಲಿಲ್ಲ.

— ಗು. ರಾ.

*

ಉತ್ತರ ಇದು: ಅಲ್ಲ. ಮರಾಠಿಯಲ್ಲೂ ಕಮಾನ್, ಹಿಂದಿಯಲ್ಲೂ ಕಮಾನ್. ಅವರೆಲ್ಲ ನಮ್ಮ ಕಾಮನಬಿಲ್ಲಿನ ಬಿಲ್ಲನ್ನು ಬೀಳಿಸಿ ತೆಗೆದುಕೊಂಡು ಹೋದರೇ? ಮೊದಲಕ್ಷರದ ದೀರ್ಘ ಹ್ರಸ್ವವಾಗಿ, ಎರಡನೆಯದು ದೀರ್ಘವಾದದ್ದು ಹೇಗೆ ಅಂತಲೂ ಹೇಳಬೇಕಾಗುತ್ತದೆ.

ದಾವಣಗೆರೆಯವರಿಗೆ: ಪಿಟೀಲಿನ ಕಮಾನು, ಕಮಾನು ಗಾಡಿ, ಲಾರಿಯ ಕಮಾನು ಪಟ್ಟಿ, ಊರ ಬಾಗಿಲ ಕಮಾನು. ಇವುಗಳಲ್ಲಿ ಒಂದನ್ನಾದರೂ 'ಬಿಲ್ಲು' ಅಂತ ಬದಲಿಸಿ, ಆಮೇಲೆ ಹೋಗಿ ಗ್ಯಾರೇಜಿನಲ್ಲಿ ಕೇಳಿ. ಪದ ಎಲ್ಲಿಂದ ಬಂತು ಅನ್ನುವುದು ಒಂದು ಪ್ರಶ್ನೆ. ಈಗ ಯಾರ ಬಾಯಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ಸು. ಅವರಿಗೆ ಬೇಕಿರುವುದು ಎರಡನೆಯದು.

— ಅ. ಕು., ಧಾರವಾಡ

*

ನಮಸ್ಕಾರ. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಇರುವುದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಪದ ಆರಿಸುವ ಮುಂಚೆ ವಸ್ತು ಯಾವುದು ಅಂತ ನೋಡೋಣ. ಇಲ್ಲಿ ಎರಡು ಬೇರೆ ಬೇರೆ ಬಾಗುಗಳಿವೆ. ಎಲ್ಲರೂ ಅವನ್ನು ಒಂದೇ ಮಾಡಿಕೊಂಡಿದ್ದೀರಿ.

ಒಂದು ಸರಪಳಿ ತೆಗೆದುಕೊಂಡು ಎರಡು ತುದಿ ಹಿಡಿಯಿರಿ. ಕೈಗಳನ್ನು ಹತ್ತಿರ ತಂದರೆ ಆಳವಾಗಿ ಜೋಲುತ್ತದೆ, ದೂರ ಒಯ್ದರೆ ಚಪ್ಪಟೆಯಾಗುತ್ತದೆ. ಉದ್ದಕ್ಕೂ ಒಂದೇ ತೂಕ ಇರುವ ಸರಪಳಿ ಹೀಗೆ ತನ್ನ ಭಾರಕ್ಕೆ ತಾನೇ ಬಾಗಿದರೆ ಅದು ಕ್ಯಾಟಿನರಿ. ಲ್ಯಾಟಿನ್ನಿನ 'ಕಟೇನಾ' ಅಂದರೆ ಸರಪಳಿ. ನೋಡಲು ಪರವಲಯದ ಹಾಗೇ ಇರುತ್ತದೆ, ಆದರೆ ಅಲ್ಲ. ಅದರ ಸರಿಯಾದ ಸಮೀಕರಣವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್, ಯೋಹಾನ್ ಬರ್ನೂಲಿ ಮೂವರೂ ಬೇರೆ ಬೇರೆಯಾಗಿ ಕೊಟ್ಟರು.

ಈಗ ಅದೇ ಸರಪಳಿಯ ನಡುವೆ ಒಂದು ದೊಡ್ಡ ಬೀಗ ಸಿಕ್ಕಿಸಿ. ನುಣುಪಾದ ಬಾಗು ಹೋಗಿ ಬೀಗ ಇದ್ದಲ್ಲಿ ಚೂಪಾಗುತ್ತದೆ. ಎರಡು ಬೀಗ ಹಾಕಿದರೆ ಎರಡು ಕಡೆ ಮುರಿಯುತ್ತದೆ. ಇದು ಕ್ಯಾಟಿನರಿ ಅಲ್ಲ. ಇಂಜಿನಿಯರುಗಳು ಇದನ್ನು 'ಫ್ಯುನಿಕ್ಯುಲರ್' ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಸಣ್ಣ ಹಗ್ಗಕ್ಕೆ ಇರುವ ಪದದಿಂದ ಬಂದದ್ದು. ಸೀಸದ ಚೀಲ ಕಟ್ಟಿದ ಗೌಡಿಯ ಮಾದರಿ ಈ ಎರಡನೇ ಜಾತಿಯದು. ಮೈಸೂರಿನವರ 'ರಜ್ಜುವಕ್ರ' ಇದಕ್ಕಾದರೆ ಸರಿ, ಕ್ಯಾಟಿನರಿಗೆ ಅಲ್ಲ.

ನಮ್ಮೂರ ಗೇಟ್‌ವೇ ಆರ್ಚ್ ಎಂಬ ಕಮಾನು ಸ್ಮಾರಕ ಕೂಡ ಶುದ್ಧ ಕ್ಯಾಟಿನರಿ ಅಲ್ಲ. ಏರೋ ಸಾರಿನೆನ್ ವಿನ್ಯಾಸ, 1965ರಲ್ಲಿ ಮುಗಿಯಿತು. 630 ಅಡಿ ಎತ್ತರ, ಬುಡದಲ್ಲಿ ಅಗಲವೂ ಅಷ್ಟೇ. ಕಾಲುಗಳನ್ನು ಅಡ್ಡಕ್ಕೆ ಸೀಳಿದರೆ ತ್ರಿಕೋನ ಕಾಣುತ್ತದೆ. ಅದರ ಒಂದೊಂದು ಬದಿ ಬುಡದಲ್ಲಿ 54 ಅಡಿ, ತುದಿಗೆ ಹೋಗುವಷ್ಟರಲ್ಲಿ 17 ಅಡಿ. ಕೆಳಗೆ ದಪ್ಪ, ಮೇಲೆ ಸಣ್ಣ ಆದ್ದರಿಂದ ಭಾರ ಎಲ್ಲ ಕಡೆ ಒಂದೇ ಅಲ್ಲ. ಬುಡದ ಕಡೆ ದಪ್ಪ, ನಡುವೆ ಸಣ್ಣ ಇರುವ ಸರಪಳಿ ಹೇಗೆ ಜೋಲುತ್ತದೋ ಆ ಆಕಾರ ಅದು.

ಇನ್ನು ತಲೆಕೆಳಗು ಮಾಡುವುದು ಯಾಕೆ? ಜೋಲುವ ಸರಪಳಿಯಲ್ಲಿ ಇರುವುದು ಎಳೆತ ಮಾತ್ರ. ಅದನ್ನು ಮೇಲೆ ಕೆಳಗೆ ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಅಷ್ಟೂ ಎಳೆತ ಒತ್ತಾಗುತ್ತದೆ. ಕಲ್ಲು, ಇಟ್ಟಿಗೆ ಒತ್ತಿದರೆ ತಡೆಯುತ್ತವೆ, ಎಳೆದರೆ ಬಿರಿಯುತ್ತವೆ. ರಾಬರ್ಟ್ ಹುಕ್ ಇದನ್ನು 1675ರಲ್ಲೇ ಕಂಡುಕೊಂಡಿದ್ದ. ಆದರೆ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಅಚ್ಚು ಹಾಕಿಸಿದ. ಅವನು ಸತ್ತ ಮೇಲೆ ಅದರ ಅರ್ಥ ಹೊರಬಂತು: ಬಾಗುವ ದಾರ ಹೇಗೆ ಜೋಲುತ್ತದೋ, ಗಟ್ಟಿ ಕಮಾನು ತಲೆಕೆಳಗಾಗಿ ಹಾಗೆ ನಿಲ್ಲುತ್ತದೆ. ಬಾರ್ಸಿಲೋನಾದಲ್ಲಿ ಗೌಡಿ ಕಟ್ಟಿದ ಕಾಸಾ ಮಿಲಾದ ಅಟ್ಟಕ್ಕೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ತೆಳುವಾದ ಇಟ್ಟಿಗೆಯ 270 ಕಮಾನುಗಳು ಒಂದರ ಪಕ್ಕ ಒಂದು ನಿಂತಿವೆ. ಒಂದು ಎತ್ತರ, ಒಂದು ಗಿಡ್ಡ. ಮೇಲಿನ ತಾರಸಿ ಏರಿಳಿದಿರುವುದು ಅದರಿಂದಲೇ.

ನನ್ನ ಸಲಹೆ: ಜೋಲುತ್ತಿರುವುದಕ್ಕೆ 'ಸರಪಳಿ ಬಾಗು', ನಿಂತಿರುವುದಕ್ಕೆ 'ಸರಪಳಿ ಕಮಾನು'. 'ಜೋಲುಗೆರೆ' ಆಗುವುದಿಲ್ಲ. ಒಣಗಹಾಕಿದ ಬಟ್ಟೆಯ ಭಾರಕ್ಕೆ ಹಗ್ಗ ಜೋಲಿದರೂ ಜೋಲುಗೆರೆಯೇ. ಯಾವ ಬಾಗು ಅಂತ ಅದು ಹೇಳುವುದಿಲ್ಲ.

— ಪ್ರ., ಸೇಂಟ್ ಲೂಯಿಸ್

*

ಪ್ರ. ಅವರೇ, ತುಂಬಾ ಉಪಕಾರವಾಯಿತು. ಬೀಗದ ಪ್ರಯೋಗವನ್ನು ಫಲಕಕ್ಕೇ ಸೇರಿಸುತ್ತೇನೆ. ಸರಪಳಿಯ ಪಕ್ಕ ಒಂದು ಬೀಗವನ್ನೂ ಇಡಿಸುತ್ತೇನೆ.

ಒಂದೇ ಅನುಮಾನ. 'ಸರಪಳಿ ಕ್ರಿಯೆ' ಅಂದರೆ ಒಂದರ ಹಿಂದೆ ಒಂದು ನಡೆಯುವುದು. 'ಸರಪಳಿ ಕಳ್ಳತನ' ಅಂತ ಪೇಪರಿನಲ್ಲಿ ಬಂದರೂ ಅದೇ ಅರ್ಥ. 'ಸರಪಳಿ ಕಮಾನು' ಅಂದರೆ ಸಾಲುಗಮಾನು ಅಂತ ಓದುವುದಿಲ್ಲವೇ? ಹಂಪಿಯ ಕಮಲ ಮಹಲಿನಲ್ಲಿ ಇರುವ ಹಾಗೆ?

— ಸು.

*

ಓದೇ ಓದುತ್ತಾರೆ. ಆದ್ದರಿಂದಲೇ ಹೇಳಿದೆ, ರಜ್ಜುವಕ್ರ.

— ಶ್ರೀ. ವೆಂ.

*

ರಾಯರೇ, ಹಗ್ಗ ಬೇರೆ, ಸರಪಳಿ ಬೇರೆ ಅಂತ ಈಗ ತಾನೇ ಒಬ್ಬರು ಅಷ್ಟು ಬಿಡಿಸಿ ಹೇಳಿದರಲ್ವಾ?

ಮುಂದೆ 'ತೂಗು' ಸೇರಿಸಿ, ಸಾಕು. ತೂಗುಸೇತುವೆ, ತೂಗುದೀಪ, ತೂಗುಮಂಚ. ಯಾರಿಗೂ ವಿವರಿಸಬೇಕಾಗಿಲ್ಲ. ತೂಗುಸರಪಳಿ ಅಂದ ತಕ್ಷಣ ಸಾಲು ಅನ್ನುವ ಅರ್ಥ ಹೋಗುತ್ತದೆ, ತೂಗುವ ವಸ್ತು ಕಣ್ಣಿಗೆ ಬರುತ್ತದೆ. 'ತೂಗುಸರಪಳಿ ಕಮಾನು'. ಎರಡೇ ಪದ.

— ಅ. ಕು.

*

ತೂಗುಸೇತುವೆ, ತೂಗುದೀಪ ಎರಡೂ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಅವುಗಳ ಮಾದರಿಯಲ್ಲಿ ಹೊಸ ಪದ ಕಟ್ಟುವುದು ಸರಿಯಲ್ಲ.

— ಶ್ರೀ. ವೆಂ.

*

ಅಲ್ಲ. ಧಾತುವಿನ ಮುಂದೆ ನಾಮಪದ ಬಂದರೆ ಗಮಕ ಸಮಾಸ. ಸುಡುಗಾಡು, ಕಡೆಗೋಲು ಇದ್ದ ಹಾಗೆ. ಗಮಕದಲ್ಲಿ ಅರಿಸಮಾಸದ ದೋಷ ಹೇಳುವುದಿಲ್ಲ.

— ಅ. ಕು.

*

ವ್ಯಾಕರಣ ಪಕ್ಕಕ್ಕಿರಲಿ. ನನ್ನ ತಕರಾರು 'ಕಮಾನು' ಪದದ ಮೇಲೆ ಹಾಗೇ ಇದೆ. ಸಂಸ್ಕೃತ ಬೇಡ ಅಂದರೆ ಪಾರ್ಸಿ ಬೇಕು ಅಂತ ಅರ್ಥವಲ್ಲ. ಹೊಸ ವಸ್ತುವಿಗೆ ಹೆಸರಿಡುವ ಪ್ರತಿ ಸಲವೂ ಇನ್ನೊಬ್ಬರ ಬಾಗಿಲಿಗೆ ಹೋದರೆ, ಪದ ಕಟ್ಟುವ ಕಸುವು ನಮ್ಮ ನುಡಿಗೆ ಎಲ್ಲಿಂದ ಬರಬೇಕು? ಇದು ನನಗೆ ಹಟದ ಮಾತಲ್ಲ. ಈ ಕೆಲಸ ಮಾಡದೇ ಬಿಟ್ಟಿದ್ದಕ್ಕೇ ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಯೋಚಿಸುತ್ತಿಲ್ಲ.

— ಬ. ಹೊ.

*

ನಿಮ್ಮ ಕಾಳಜಿ ಒಪ್ಪುತ್ತೇನೆ. ಆದರೆ ಕಟ್ಟಡದ ಕೆಲಸದ ಮಾತನ್ನು ಸೋಸಲು ಹೋದರೆ ಕೈಯಲ್ಲಿ ಏನು ಉಳಿಯುತ್ತದೆ ನೋಡಿ. ವಿಜಯಪುರದ ಗೋಳಗುಮ್ಮಟ 1656ರದ್ದು. 'ಗುಮ್ಮಟ' ಪಾರ್ಸಿ. ಆ ಗುಮ್ಮಟವನ್ನು ಹೊತ್ತಿರುವ ಕಮಾನುಗಳ ಹೆಸರೂ ಪಾರ್ಸಿ. ಇವತ್ತು ಕಟ್ಟುವ 'ಮೇಸ್ತ್ರಿ' ಪೋರ್ಚುಗೀಸ್. 'ಬಸದಿ' ಸಂಸ್ಕೃತದ 'ವಸತಿ'. ನಮ್ಮ ಕರಾವಳಿಯಲ್ಲಿ ಚರ್ಚಿಗೆ 'ಇಗರ್ಜಿ' ಅನ್ನುತ್ತೇವೆ, ಅದೂ ಪೋರ್ಚುಗೀಸ್. ಕಟ್ಟುವವರು ಎಲ್ಲೆಲ್ಲಿಂದಲೋ ಬಂದರು, ಪದಗಳೂ ಅವರ ಜೊತೆ ಬಂದವು.

ಇನ್ನೊಂದು ವಿಷಯ. ಇರಾಕಿನಲ್ಲಿ, ಬಾಗ್ದಾದ್ ಹತ್ತಿರ, ಹಳೆಯ ಪರ್ಷಿಯಾದ ಸಸಾನಿ ಅರಸರ ಅರಮನೆಯ ಒಂದು ಭಾಗ ಇನ್ನೂ ನಿಂತಿದೆ. ಸುಮಾರು 25 ಮೀಟರ್ ಅಗಲದ ಇಟ್ಟಿಗೆ ಕಮಾನು. ಆಕಾರ ಹೆಚ್ಚುಕಡಿಮೆ ಈ ತೂಗುಸರಪಳಿಯದೇ. ಅದನ್ನು 'ತಾಕ್ ಕಸ್ರಾ' ಅನ್ನುತ್ತಾರೆ. ಗಮನಿಸಿ, ಕಟ್ಟಡದ ಕಮಾನಿಗೆ ಅಲ್ಲಿನ ಪದ 'ತಾಕ್', 'ಕಮಾನ್' ಅಲ್ಲ. ನಾವು ಬಿಲ್ಲಿನ ಪದವನ್ನು ಪಡೆದು ಬಾಗಿಲಿಗೂ ಗಾಡಿಗೂ ಪಿಟೀಲಿಗೂ ಹಚ್ಚಿ ನಮ್ಮದು ಮಾಡಿಕೊಂಡಿದ್ದೇವೆ. ನನಗೆ ಇದೇ ಕಸುವು ಅನ್ನಿಸುತ್ತದೆ.

ಸು. ಅವರೇ, ಫಲಕದಲ್ಲಿ 'ಇಗರ್ಜಿ' ಅಂತ ಹಾಕಲು ಆಗುತ್ತದಾ?

— ಜೆ., ಮಂಗಳೂರು

*

ಒಂದು ಭಾಗದಲ್ಲಷ್ಟೇ ಬಳಸುವ ಪದಗಳನ್ನು ಎಲ್ಲರಿಗೂ ಹಂಚುವುದು ಬೇಡ, 'ಚರ್ಚ್' ಇರಲಿ. ಮತ್ತೆ 'ತಾಕ್' ಇರುವುದರಿಂದ 'ಕಮಾನು' ನಮ್ಮದಾಯಿತು ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

— ಬ. ಹೊ.

*

ಕಾಮನಬಿಲ್ಲಿನ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.

— ಗು. ರಾ.

*

ಎಲ್ಲರಿಗೂ ವಂದನೆ. ಫಲಕವನ್ನು ಹೀಗೆ ಕಳಿಸುತ್ತಿದ್ದೇನೆ. ಜೆ. ಅವರೇ, ಇದು ಎಲ್ಲ ಜಿಲ್ಲೆಗೂ ಹೋಗುತ್ತದೆ, ಅದಕ್ಕೇ 'ಚರ್ಚ್' ಉಳಿಸಿಕೊಂಡೆ.

ತೂಗುಸರಪಳಿ ಕಮಾನು

"ಸರಪಳಿಯ ಎರಡು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ. ಕೆಳಗಿನ ಕನ್ನಡಿ ನೋಡಿ. ಸರಪಳಿ ಕಮಾನಾಗಿ ಕಾಣುತ್ತದೆ. ಮೇಲೆ ಎಳೆತ ಇದ್ದಲ್ಲೆಲ್ಲ ಕನ್ನಡಿಯ ಕಮಾನಿನಲ್ಲಿ ಒತ್ತು ಇರುತ್ತದೆ. ಈಗ ನಡುವೆ ಬೀಗ ಹಾಕಿ. ಆಕಾರ ಏನಾಯಿತು? ಗೌಡಿ ಬೀಗದ ಬದಲು ಸೀಸದ ಗುಂಡಿನ ಚೀಲ ಕಟ್ಟಿ ಒಂದು ಚರ್ಚಿನ ಆಕಾರವನ್ನು ಕಂಡುಕೊಂಡ. 1908ರಲ್ಲಿ ಕೆಲಸ ಶುರುವಾಯಿತು, 1914ರಲ್ಲಿ ನಿಂತಿತು. ಕೆಳಗಿನ ಭಾಗ ಮಾತ್ರ ಕಟ್ಟಲಾಗಿದೆ."

— ಸು.

*

ಚೆನ್ನಾಗಿದೆ. ಒಂದೇ ತಿದ್ದುಪಡಿ: "ಮೇಲೆ ಎಳೆತ" ಅಂದರೆ ಸರಪಳಿಯ ಮೇಲ್ಭಾಗದಲ್ಲಿ ಮಾತ್ರ ಎಳೆತ ಅಂತ ಓದಬಹುದು. "ಸರಪಳಿಯಲ್ಲಿ ಎಲ್ಲ ಕಡೆ ಎಳೆತ ಇದೆ. ಇದೇ ಆಕಾರದಲ್ಲಿ ಇಟ್ಟಿಗೆಯ ಕಮಾನು ಕಟ್ಟಿದರೆ ಅದರಲ್ಲಿ ಎಲ್ಲ ಕಡೆ ಒತ್ತು ಇರುತ್ತದೆ" ಅಂತ ಮಾಡಿ. ಬೀಗ ಸ್ವಲ್ಪ ಭಾರದ್ದೇ ಇರಲಿ, ಹಗುರ ಬೀಗಕ್ಕೆ ಸರಪಳಿ ಚೂಪಾಗುವುದಿಲ್ಲ.

— ಪ್ರ.