ಬಲೆ ಕೋಣೆಯ ಬೀಗಕ್ಕೆ ಹೊಸ ಕೀಲಿ: ಯಾವ ಬ್ಲ್ಯಾಂಕ್ ಕೇಳಬೇಕು?

ಕೋಡಿಬಾಗದ ಮಗಳು

ಎಲ್ಲರಿಗೂ ನಮಸ್ಕಾರ. ಕಾರವಾರದ ಬೈತಖೋಲ್ ಬಂದರಿನ ಹತ್ತಿರ ನಮ್ಮ ಅಪ್ಪ ಬಲೆ ಇಡುವ ಒಂದು ಕೋಣೆ ಇದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ಆಗ ಆ ಕಡೆ ಯಾರೂ ಹೋಗಿರಲಿಲ್ಲ. ಆಗಸ್ಟ್ ಶುರುವಿಗೆ ಬಾಗಿಲು ತೆಗೆಯಲು ಹೋದರೆ ಬೀಗ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅಣ್ಣ ಜೋರು ಮಾಡಿದ, ಕೀಲಿ ಮುರಿಯಿತು. ಒಳಗಿನ ತುಂಡು ಹೇಗೋ ಹೊರಗೆ ಬಂತು. ಮನೆಯಲ್ಲಿದ್ದ ಇನ್ನೊಂದು ಹಳೆ ಕೀಲಿ ಹಾಕಿ ಅಲ್ಲಾಡಿಸಿ ಅಲ್ಲಾಡಿಸಿ ಬಾಗಿಲೇನೋ ತೆಗೆದೆವು. ಆದರೆ ಅದು ಪೂರ್ತಿ ಸವೆದಿದೆ, ಇವತ್ತೋ ನಾಳೆಯೋ ಅನ್ನುವ ಹಾಗಿದೆ.

ಪೇಟೆಯಲ್ಲಿ ಎರಡು ಕಡೆ ವಿಚಾರಿಸಿದೆ. ಒಬ್ಬರು ಈ ಬೀಗದ ಬ್ಲ್ಯಾಂಕ್ (ಹಲ್ಲು ಕಡಿಯದ ಖಾಲಿ ಕೀಲಿ) ಬರುವುದೇ ಇಲ್ಲ, ಹೊಸ ಬೀಗ ತಗೊಳ್ಳಿ ಅಂದರು. ಇನ್ನೊಬ್ಬರು ಹಳೆ ಕೀಲಿ ನೋಡಿ ಹೊಸದು ಕಡಿದು ಕೊಟ್ಟರು. ಅದು ಸಲೀಸಾಗಿ ಒಳಗೆ ಹೋಗುತ್ತದೆ, ತಿರುಗುವುದಿಲ್ಲ. ಹಾಗಾದರೆ ಬ್ಲ್ಯಾಂಕೇ ತಪ್ಪಾ? ಬೆಳ್ಳಗೆ ಹೊಳೆಯುವ ಬ್ಲ್ಯಾಂಕ್, ಹಳದಿ ಬ್ಲ್ಯಾಂಕ್ ಅಂತೆಲ್ಲ ಇದೆಯಲ್ಲ, ನಮ್ಮ ಉಪ್ಪು ಗಾಳಿಗೆ ಯಾವುದು ಒಳ್ಳೆಯದು? ಬೀಗದ ಮೈ ಹಿತ್ತಾಳೆ, ಗಟ್ಟಿ ಇದೆ. ಅಪ್ಪನಿಗೆ ಅದನ್ನು ಬಿಡಲು ಮನಸ್ಸಿಲ್ಲ.

ಇನ್ನೊಂದು ವಿಷಯ. ಅದೇ ಕೋಣೆಯ ಪೆಟ್ಟಿಗೆಗೆ ಅಜ್ಜನ ಕಾಲದ ಬೀಗವೊಂದಿದೆ. ಅದರ ಕೀಲಿ ಚಪ್ಪಟೆ ಅಲ್ಲ, ಕೊಳವೆ ತರಹ ತುದಿಯಲ್ಲಿ ತೂತು ಇದೆ. ಅದಕ್ಕೂ ಒಂದು ಹೆಚ್ಚಿನ ಕೀಲಿ ಬೇಕಿತ್ತು. ಎರಡರ ಫೋಟೋವನ್ನೂ ಕೆಳಗೆ ಹಾಕಿದ್ದೇನೆ.

ಸಿರ್ಸಿ ತೋಟಿಗ

ನಮ್ಮ ಅಡಿಕೆ ಗೋದಾಮಿನ ಬೀಗವೂ ಮಳೆಗಾಲದಲ್ಲಿ ಹೀಗೇ ಮಾಡುತ್ತದೆ. ತೆಂಗಿನೆಣ್ಣೆ ಎರಡು ಹನಿ ಬಿಟ್ಟರೆ ಸರಿಯಾಗುತ್ತದೆ, ನಾವು ಮೊದಲಿನಿಂದಲೂ ಅದನ್ನೇ ಮಾಡುವುದು. ಕೀಲಿ ಮಾತ್ರ ಬೀಗ ತಂದ ದಿನವೇ ಒಂದು ಹೆಚ್ಚು ಮಾಡಿಸಿ ಇಡುತ್ತೇವೆ.

ಕುಮಟಾ ಕೀಲಿ ಅಂಗಡಿ

ತಂಗಿ, ಮೊದಲು ಆ ಫೋಟೋ ತೆಗೆದುಬಿಡಿ. ಇದು ನನ್ನ ಹೊಟ್ಟೆಪಾಡಿನ ಕೆಲಸ, ಅದಕ್ಕೇ ಹೇಳುತ್ತಿದ್ದೇನೆ. ಕೀಲಿಯ ಹಲ್ಲು ಸ್ಪಷ್ಟವಾಗಿ ಕಾಣುವ ಒಂದು ಫೋಟೋ ಇದ್ದರೆ ಕೆಲಸ ಬಲ್ಲವನು ಅಳತೆ ಹಿಡಿಯಬಹುದು. 2008ರಲ್ಲಿ ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ದೂರದಿಂದ ತೆಗೆದ ಫೋಟೋ ಇಟ್ಟುಕೊಂಡೇ ಕೀಲಿಯ ಅಳತೆ ಲೆಕ್ಕ ಹಾಕಿ ತೋರಿಸಿದ್ದಾರೆ. ನೀವು ಊರು, ಬಂದರು, ಕೋಣೆ ಎಲ್ಲ ಬರೆದಿದ್ದೀರಿ. ಜೊತೆಗೆ ಕೀಲಿಯ ಫೋಟೋನೂ ಇರುವುದು ಬೇಡ.

ಈಗ ನಿಮ್ಮ ಪ್ರಶ್ನೆ. ಕೀಲಿ ಸಲೀಸಾಗಿ ಪೂರ್ತಿ ಒಳಗೆ ಹೋಗುತ್ತದೆ ಅಂದರೆ ಬ್ಲ್ಯಾಂಕ್ ಹೆಚ್ಚುಕಡಿಮೆ ಸರಿಯಾದದ್ದೇ. ಬ್ಲ್ಯಾಂಕ್ ಆರಿಸುವುದು ಬೀಗದ ಹೆಸರು ನೋಡಿ ಅಲ್ಲ, ಕೀಲಿಯ ಮೈಮೇಲಿನ ಉದ್ದ ಗೆರೆ ನೋಡಿ. ಕೀಲಿಯನ್ನು ಕಣ್ಣೆದುರು ನೇರ ಹಿಡಿದು ತುದಿ ಕಡೆಯಿಂದ ನೋಡಿ. ಎಡಕ್ಕೊಂದು, ಬಲಕ್ಕೊಂದು ಕಾಲುವೆ ಕಾಣುತ್ತದೆ. ಬೀಗದ ತೂತಿಗೆ ಟಾರ್ಚ್ ಬಿಟ್ಟರೆ ಅದೇ ಆಕಾರ ತಿರುಗುಮುರುಗಾಗಿ ಕಾಣಬೇಕು. ಒಂದೇ ಕಂಪನಿಯ ಎರಡು ಬೀಗಕ್ಕೆ ಬೇರೆ ಬೇರೆ ಗೆರೆ ಇರುತ್ತದೆ, ಬೇರೆ ಬೇರೆ ಕಂಪನಿಯ ಬೀಗಕ್ಕೆ ಒಂದೇ ಬ್ಲ್ಯಾಂಕ್ ಆಗುವುದೂ ಉಂಟು. ಮೊದಲನೆಯವರ ಹತ್ತಿರ ಆ ಗೆರೆಯ ಬ್ಲ್ಯಾಂಕ್ ಸ್ಟಾಕ್ ಇರಲಿಕ್ಕಿಲ್ಲ, ಅಷ್ಟೇ.

ಅಂಗಡಿಗೆ ಹೋಗುವಾಗ ಕೀಲಿ ಮಾತ್ರ ಒಯ್ಯಬೇಡಿ, ಬೀಗವನ್ನೂ ಒಯ್ಯಿರಿ. ಹಲ್ಲು ಕಡಿಯುವ ಮೊದಲೇ ಖಾಲಿ ಬ್ಲ್ಯಾಂಕನ್ನು ತೂತಿಗೆ ಹಾಕಿ ನೋಡಲು ಹೇಳಿ. ಎಲ್ಲೂ ಉಜ್ಜದೆ, ಕೀಲಿಯ ಹೆಗಲು (ಹಿಡಿಕೆಯ ಹತ್ತಿರ ಅಗಲವಾಗುವ ಜಾಗ) ಬೀಗಕ್ಕೆ ತಾಗುವ ತನಕ ಒಳಗೆ ಹೋಗಬೇಕು. ಮೇಲೆ ಕೆಳಗೆ ಲಟಪಟ ಅಂತ ಅಲ್ಲಾಡಿದರೆ ಗೆರೆ ಸಡಿಲ, ಬೇಡ ಅನ್ನಿ. ಉದ್ದವೂ ನೋಡಬೇಕು, ಅದು ಬೀಗದೊಳಗೆ ಎಷ್ಟು ಪಿನ್ನು ಇದೆ ಅನ್ನುವುದರ ಮೇಲೆ ಹೋಗುತ್ತದೆ. ಆರು ಪಿನ್ನಿನ ಬ್ಲ್ಯಾಂಕನ್ನು ತುದಿ ಮೊಟಕು ಮಾಡಿ ಐದು ಪಿನ್ನಿನ ಬೀಗಕ್ಕೆ ಹೊಂದಿಸಬಹುದು. ಐದರದ್ದನ್ನು ಆರಕ್ಕೆ ಹೊಂದಿಸಲು ಆಗುವುದಿಲ್ಲ.

ಹಾಗಾದರೆ ಯಾಕೆ ತಿರುಗುತ್ತಿಲ್ಲ? ಹಲ್ಲಿನ ಅಳತೆ ತಪ್ಪಿದೆ. ನಿಮ್ಮದು ಪಿನ್ನಿನ ಬೀಗ. ಈ ಪದ್ಧತಿಗೆ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲೇ ಪೇಟೆಂಟ್ ಪಡೆದಿದ್ದರು. ಇವತ್ತಿಗೂ ಕೆಲಸ ಮಾಡುವ ರೀತಿ ಅದೇ. ಒಳಗೆ ಸಾಲಾಗಿ ಪಿನ್ನು, ಪಿನ್ನಿನ ಬೆನ್ನಿಗೆ ಸ್ಪ್ರಿಂಗ್. ಪ್ರತಿ ಹಲ್ಲು ತನ್ನ ಪಿನ್ನನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತಬೇಕು, ಆಗ ಮಾತ್ರ ಕೀಲಿ ಹಾಕುವ ಉರುಳೆ ತಿರುಗುತ್ತದೆ. ಹಲ್ಲಿನ ಆಳಕ್ಕೆ ಮೆಟ್ಟಿಲು ಇರುತ್ತದೆ, ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಅರ್ಧ ಮಿಲಿಮೀಟರ್ ಆಸುಪಾಸು ವ್ಯತ್ಯಾಸ. ಕಾಲು ಮಿಲಿಮೀಟರ್ ಸವೆದ ಕೀಲಿಯನ್ನು ಕಾಪಿ ಮಾಡಿದರೆ ಮೆಷಿನ್ ಆ ಸವೆತವನ್ನೂ ಕಾಪಿ ಮಾಡುತ್ತದೆ, ತನ್ನದೂ ಒಂದು ಚೂರು ತಪ್ಪು ಸೇರಿಸುತ್ತದೆ. ಹಳೆ ಕೀಲಿ ಅಲ್ಲಾಡಿಸಿದರೆ ತಿರುಗುವುದು, ಹೊಸದು ತಿರುಗದೇ ಇರುವುದು ಇದಕ್ಕೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಹೊಸ ಕೀಲಿ ಪೂರ್ತಿ ಹಾಕಿ, ಕೂದಲೆಳೆಯಷ್ಟು ಹೊರಗೆ ಎಳೆದು ತಿರುಗಿಸಿ. ತಿರುಗಿದರೆ ಹೆಗಲು ಸರಿಯಾಗಿ ಕೂರಿಸದೆ ಕಡಿದಿದ್ದಾರೆ ಅಂತ ಅರ್ಥ, ಹಲ್ಲೆಲ್ಲ ಒಂದು ಕಡೆಗೆ ಜರುಗಿವೆ. ಅದು ಮಾಡಿದವರ ತಪ್ಪು, ಬೇರೆ ಮಾಡಿಕೊಡಿ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಮುರಿದ ಕೀಲಿಯ ಎರಡೂ ತುಂಡು ಬಿಸಾಡಿಲ್ಲ ತಾನೆ? ಅದು ಬೀಗದ ಜೊತೆ ಕಂಪನಿಯಿಂದ ಬಂದ ಕೀಲಿಯಾದರೆ ಈ ಸವೆದದ್ದಕ್ಕಿಂತ ಅದೇ ಒಳ್ಳೆಯದು. ಎರಡು ತುಂಡು ಜೋಡಿಸಿ ಹಿಡಿದು ಅದರ ಮೇಲೆ ಕಡಿಯಬಹುದು. ನಾನು ಮಾಡುತ್ತಲೇ ಇರುತ್ತೇನೆ.

ಇನ್ನು ಲೋಹ. ಹಳದಿಯದು ಬರೀ ಹಿತ್ತಾಳೆ. ಬೆಳ್ಳಗಿರುವುದರಲ್ಲಿ ಮೂರು ಜಾತಿ: ಹಿತ್ತಾಳೆಗೆ ನಿಕಲ್ ಲೇಪ, ಉಕ್ಕಿಗೆ ಲೇಪ, ಮತ್ತೆ ನಿಕಲ್ ಸಿಲ್ವರ್. ನಿಕಲ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ನಿಕಲ್, ಸತುವಿನ ಮಿಶ್ರ. ಅಂಗಡಿಗೆ ಒಂದು ಅಯಸ್ಕಾಂತ ಒಯ್ಯಿರಿ. ಗಟ್ಟಿಯಾಗಿ ಹಿಡಿದರೆ ಉಕ್ಕು. ನಮ್ಮ ಕಡಲ ಬದಿಗೆ ಅದು ಬೇಡವೇ ಬೇಡ. ಹಲ್ಲು ಕಡಿದಲ್ಲೆಲ್ಲ ಲೇಪ ಹೋಗಿ ಉಕ್ಕು ಹೊರಗೆ ಬೀಳುತ್ತದೆ, ಉಪ್ಪು ಗಾಳಿ ಮೊದಲು ಅಲ್ಲಿಗೇ ಬಾಯಿ ಹಾಕುತ್ತದೆ, ಆ ತುಕ್ಕಿನ ಪುಡಿ ಬೀಗದೊಳಗೆ ಇಳಿಯುತ್ತದೆ. ಕಡಿದ ಜಾಗದಲ್ಲಿ ಹಳದಿ ಕಂಡರೆ ಒಳಗೆ ಹಿತ್ತಾಳೆ, ಅಡ್ಡಿಯಿಲ್ಲ. ಕಡಿದ ಮೇಲೂ ಬೆಳ್ಳಗೇ ಇದ್ದು ಅಯಸ್ಕಾಂತಕ್ಕೂ ಅಂಟದಿದ್ದರೆ ನಿಕಲ್ ಸಿಲ್ವರ್. ದಿನಾ ಬಳಸುವ ಕೀಲಿಗೆ ನಾನು ಅದನ್ನೇ ಹೇಳುತ್ತೇನೆ, ಹಿತ್ತಾಳೆಗಿಂತ ಗಟ್ಟಿ. ಬಣ್ಣಬಣ್ಣದ ಅಲ್ಯೂಮಿನಿಯಂ ಬ್ಲ್ಯಾಂಕ್ ಹಗುರ, ಚೆಂದ, ಆದರೆ ಬಿಗಿ ಬೀಗಕ್ಕೆ ಹಾಕಿದರೆ ಬಾಗುತ್ತದೆ.

ಸಿರ್ಸಿಯವರಿಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ರಾತ್ರಿ ನಿಮ್ಮಲ್ಲಿ ಚಳಿ ಅದಕ್ಕಿಂತ ಕೆಳಗೇ ಇರುತ್ತದೆ. ಆಗ ಅಡಿಕೆ ಧೂಳು ಸೇರಿ ಪಿನ್ನಿನ ಸುತ್ತ ಮೇಣದ ಹಾಗೆ ಕೂರುತ್ತದೆ. ಎಷ್ಟೋ ಬೀಗ ಬಿಚ್ಚಿ ಆ ಮೇಣ ಕೆರೆದಿದ್ದೇನೆ. ಒಳನಾಡಲ್ಲಿ ಪೆನ್ಸಿಲ್ ಗ್ರಾಫೈಟ್ ಪುಡಿ ಸಾಕು. ಕಡಲ ಬದಿಯಲ್ಲಿ ಮೊದಲು ಸಿಹಿನೀರಲ್ಲಿ ಉಪ್ಪು ತೊಳೆದು, ಪೂರ್ತಿ ಒಣಗಿಸಿ, ಟೆಫ್ಲಾನ್ ಸ್ಪ್ರೇ ಹೊಡೆಯಿರಿ. ಗ್ರಾಫೈಟ್ ಮತ್ತು ಎಣ್ಣೆ ಎರಡೂ ಒಟ್ಟಿಗೆ ಹಾಕಬೇಡಿ, ಕೆಸರಾಗುತ್ತದೆ.

ಕೋಡಿಬಾಗದ ಮಗಳು

ಫೋಟೋ ತೆಗೆದೆ, ಥ್ಯಾಂಕ್ಸ್. ಇದು ಹೊಳೆದೇ ಇರಲಿಲ್ಲ. ಮುರಿದ ತುಂಡುಗಳು ಇವೆ, ಅಪ್ಪ ಕಾಗದದಲ್ಲಿ ಸುತ್ತಿ ಇಟ್ಟಿದ್ದರು. ಹಿಡಿಕೆಯ ತುಂಡಿನ ಮೇಲೆ ಸಣ್ಣಕ್ಕೆ ಒಂದು ನಂಬರ್ ಕೊರೆದಿದೆ. ಅದರಿಂದ ಉಪಯೋಗ ಇದೆಯಾ? ಹೊಸ ಕೀಲಿ ಚೂರು ಹೊರಗೆಳೆದು ನೋಡಿದೆ, ತಿರುಗಲಿಲ್ಲ. ಅಂದರೆ ಸವೆತವೇ ಕಾರಣ ಅಲ್ವಾ? ಅಜ್ಜನ ಬೀಗದ ಬಗ್ಗೆಯೂ ಹೇಳಿ.

ಕುಮಟಾ ಕೀಲಿ ಅಂಗಡಿ

ಹೌದು, ಸವೆತವೇ. ನಂಬರ್ ಇದ್ದದ್ದು ತುಂಬ ಒಳ್ಳೆಯದಾಯಿತು. ಅದನ್ನು ಇಲ್ಲಿ ಬರೆಯಬೇಡಿ. ಕೆಲವು ಕಂಪನಿಯಲ್ಲಿ ಆ ನಂಬರೇ ಹಲ್ಲಿನ ಆಳ, ಕೆಲವರದ್ದಕ್ಕೆ ಕಂಪನಿಯ ಪಟ್ಟಿ ಬೇಕು. ಕೆಲವೊಮ್ಮೆ ಅದು ಬರೀ ಬ್ಲ್ಯಾಂಕಿನ ನಂಬರ್ ಆಗಿರುತ್ತದೆ, ಆದರೂ ಬ್ಲ್ಯಾಂಕ್ ಹುಡುಕುವುದು ಸುಲಭವಾಗುತ್ತದೆ. ಆಳದ ನಂಬರೇ ಆಗಿದ್ದರೆ ಸವೆದ ಕೀಲಿಯನ್ನು ನೋಡುವ ಅಗತ್ಯವೇ ಇಲ್ಲ, ಕಾರ್ಖಾನೆಯಿಂದ ಬಂದ ದಿನದ ಅಳತೆಗೇ ಕಡಿಯಬಹುದು. ಒಂದನ್ನು ಹಾಗೆ ಮಾಡಿಸಿ ಮನೆಯಲ್ಲಿ ಎತ್ತಿಡಿ. ಮುಂದೆ ಎಲ್ಲ ಕಾಪಿಯೂ ಅದರಿಂದಲೇ ಆಗಲಿ, ಬಳಸುವ ಕೀಲಿಯಿಂದ ಬೇಡ.

ಅಜ್ಜನದು ಲಿವರ್ ಬೀಗ. ಒಳಗೆ ಪಿನ್ನು ಇಲ್ಲ, ತೆಳು ತಗಡಿನ ಲಿವರ್‌ಗಳು ಒಂದರ ಮೇಲೊಂದು ಕೂತಿವೆ. ಪ್ರತಿಯೊಂದಕ್ಕೂ ಒಂದು ಕಿಂಡಿ. ಕೀಲಿ ಎಲ್ಲ ಲಿವರನ್ನೂ ಸರಿಯಾದ ಎತ್ತರಕ್ಕೆ ಎತ್ತಿದಾಗ ಕಿಂಡಿಗಳು ಒಂದೇ ಸಾಲಿಗೆ ಬರುತ್ತವೆ, ಕೊಂಡಿ ಬಿಡುತ್ತದೆ. ಕಡಿಮೆ ಎತ್ತಿದರೂ ಇಲ್ಲ, ಜಾಸ್ತಿ ಎತ್ತಿದರೂ ಇಲ್ಲ. ಬೀಗದ ತೂತಿನೊಳಗೆ ನೋಡಿ, ನಡುವೆ ಒಂದು ಸಣ್ಣ ಕಂಬ ನಿಂತಿದೆ. ಕೊಳವೆ ಕೀಲಿ ಅದರ ಮೇಲೆ ಕೂರಬೇಕು. ಹಾಗಾಗಿ ಇಲ್ಲಿ ಬ್ಲ್ಯಾಂಕ್ ಆರಿಸುವಾಗ ಮೊದಲು ಕೊಳವೆಯ ಒಳಗಿನ ಅಳತೆ, ಆಮೇಲೆ ಎಲೆಯ (ಲಿವರ್ ಎತ್ತುವ ತುದಿಯ ಚಪ್ಪಟೆ ಭಾಗ) ಅಗಲ ಮತ್ತು ಎತ್ತರ, ಕೊನೆಗೆ ದಪ್ಪ. ಕೊಳವೆ ಸಡಿಲ ಇದ್ದರೆ ಕೀಲಿ ವಾರೆಯಾಗಿ ಲಿವರ್ ಒಂದೊಂದೂ ಒಂದೊಂದು ಎತ್ತರಕ್ಕೆ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ನನ್ನ ಕೈಗೆ ಬರುವ ಇಂಥ ಹಳೆ ಬೀಗ ಅಲಿಗಢದವು, ಒಮ್ಮೊಮ್ಮೆ ತಮಿಳುನಾಡಿನ ದಿಂಡಿಗಲ್‌ನವು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಅಲ್ಲಿ ಕೈಯಲ್ಲೇ ಮಾಡುವ ಕಸುಬು. ಕೈಯಲ್ಲಿ ಮಾಡಿದ ಬೀಗಕ್ಕೆ ಅಂಗಡಿಯ ಗೋಡೆಗೆ ನೇತು ಹಾಕಿದ ಬ್ಲ್ಯಾಂಕ್ ಹೊಂದುತ್ತದೆ ಅಂತ ಹೇಳಲಾಗದು. ಒಂದು ಚೂರು ದೊಡ್ಡದಿರುವ ಬ್ಲ್ಯಾಂಕ್ ತಗೊಂಡು ಅರದಿಂದ ಉಜ್ಜಿ ಉಜ್ಜಿ ಇಳಿಸಬೇಕು. ಮೆಷಿನ್ ಇಟ್ಟವರೆಲ್ಲ ಈ ಕೆಲಸ ಮಾಡುವುದಿಲ್ಲ. ಅರ ಹಿಡಿಯುವ ಹಳಬರನ್ನು ಹುಡುಕಿ, ಬೀಗವನ್ನೇ ಅವರ ಕೈಗೆ ಕೊಟ್ಟು ಎದುರಿಗೇ ಕೂತು ಮಾಡಿಸಿ. ಹೊತ್ತು ಹಿಡಿಯುತ್ತದೆ, ದುಡ್ಡೂ ಸ್ವಲ್ಪ ಜಾಸ್ತಿ. ಆ ಬೀಗ ಅಷ್ಟಕ್ಕೆ ಬಾಳುತ್ತದೆ.

ಕೋಣೆಯ ಬೀಗದ ಕೊಂಡಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಹುಷಾರು. ಬೀಗ ತೆರೆದು ಕೊಂಡಿಯ ಕಾಲು ನೋಡಿ. ಬೀಗ ಹಿಡಿಯುವ ಕಚ್ಚು ಉದುರಿ ಮೊಂಡಾಗಿದ್ದರೆ ಎಷ್ಟು ಒಳ್ಳೆಯ ಕೀಲಿ ಮಾಡಿಸಿದರೂ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಆಗ ಅಪ್ಪನಿಗೆ ಹೇಳಿ ಒಪ್ಪಿಸಿ, ಹಿತ್ತಾಳೆ ಮೈ, ಸ್ಟೇನ್‌ಲೆಸ್ ಕೊಂಡಿ ಇರುವ ಹೊಸದು ತನ್ನಿ. ಬಲೆಯ ಬೆಲೆ ಬೀಗದ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ.

ಹೊನ್ನಾವರ ಹೋಂಸ್ಟೇ

ಈ ಮಾತುಕತೆ ನನಗೂ ಉಪಯೋಗವಾಯಿತು. ನಮ್ಮದು ಗೇಟು, ಪಂಪ್ ಶೆಡ್, ದೋಣಿ ಸರಪಳಿ, ಗ್ಯಾಸ್ ಸಿಲಿಂಡರ್ ಗೂಡು ಎಲ್ಲಕ್ಕೂ ಬೇರೆ ಬೇರೆ ಬೀಗ. ಕೀಲಿ ಗೊಂಚಲು ಹೊತ್ತು ಸಾಕಾಗಿದೆ. ಎಲ್ಲಕ್ಕೂ ಒಂದೇ ಕೀಲಿ ಮಾಡಿಸಲು ಬರುತ್ತದಾ?

ಕುಮಟಾ ಕೀಲಿ ಅಂಗಡಿ

ಈಗ ಇರುವ ಬೀಗಗಳನ್ನು ಹಾಗೆ ಮಾಡುವುದು ಕಷ್ಟ. ಒಂದೇ ಗೆರೆಯ ಬೀಗವಾಗಿದ್ದು ಬಿಚ್ಚಲು ಬರುವಂತಿದ್ದರೆ ಪಿನ್ನು ಬದಲಿಸಬಹುದು, ರಿವೆಟ್ ಹೊಡೆದದ್ದಾದರೆ ಆಗುವುದಿಲ್ಲ. ಹೊಸದು ತರುವಾಗ ಒಂದೇ ಕೀಲಿಯ ಸೆಟ್ ಕೊಡಿ ಅಂತ ಕೇಳಿ, ಕಂಪನಿಯಿಂದಲೇ ಹಾಗೆ ಬರುತ್ತದೆ. ಆದರೆ ಅತಿಥಿಗಳ ಕೋಣೆಯ ಬೀಗವನ್ನು ಆ ಸೆಟ್ಟಿಗೆ ಸೇರಿಸಬೇಡಿ. ಅವರ ಕೈಗೆ ಕೊಡುವ ಕೀಲಿಯಿಂದ ನಿಮ್ಮ ಪಂಪ್ ಶೆಡ್ ತೆರೆಯಬಾರದು. ಗ್ಯಾಸ್ ಗೂಡಿನ ಕೀಲಿಯನ್ನೂ ಬೇರೆ ಇಡಿ, ಅಡುಗೆಯವರ ಹತ್ತಿರ ಒಂದು ಯಾವಾಗಲೂ ಇರಲಿ.