ಹನ್ನೊಂದನೇ ತರಗತಿಯ ಮಗಳ ಕಾಲೇಜು ಪಟ್ಟಿ: ಯು.ಟಿ. ಆಸ್ಟಿನ್ ಅನ್ನು 'ಸೇಫ್ಟಿ' ಎಂದು ನಂಬಬಹುದೇ?

ಪ್ರಶ್ನೆ: ಪ್ಲೇನೋವಾಸಿ

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು, ಮಗಳು ಮೂರು ವರ್ಷದವಳಿದ್ದಾಗ ಡಲ್ಲಾಸ್ ಸಮೀಪ ಬಂದು ನೆಲೆಸಿದೆವು. ಈಗ ಆಕೆ ಹನ್ನೊಂದನೇ ತರಗತಿಯಲ್ಲಿದ್ದಾಳೆ. ರ‍್ಯಾಂಕ್ ತನ್ನ ತರಗತಿಯ ಮೊದಲ ಶೇ 8ರೊಳಗಿದೆ, ಕಾಲೇಜು ಪ್ರವೇಶದ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1480 ಬಂದಿದೆ, ಕಂಪ್ಯೂಟರ್ ಸೈನ್ಸ್ ಓದುವ ಆಸೆಯಿದೆ. ಅವಳು ಮಾಡಿಕೊಂಡಿರುವ ಪಟ್ಟಿಯಲ್ಲಿ ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಗಿ ಮೆಲನ್, ಬರ್ಕ್ಲಿ, ಜಾರ್ಜಿಯಾ ಟೆಕ್ ಮತ್ತು ಅರ್ಬಾನಾ-ಶಾಂಪೇನ್‌ನ ಇಲಿನಾಯ್ಸ್ ವಿಶ್ವವಿದ್ಯಾಲಯ ಇವೆ. ಇವು ಯಾವುವೂ ಸಿಗದಿದ್ದರೆ ಇರಲಿ ಎಂದು ಕೊನೆಯಲ್ಲಿ ಯು.ಟಿ. ಆಸ್ಟಿನ್ (ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್) ಅನ್ನು 'ಸೇಫ್ಟಿ', ಅಂದರೆ ಖಚಿತವಾಗಿ ಸಿಗುವ ಕಾಲೇಜು, ಎಂದು ಸೇರಿಸಿದ್ದಾಳೆ. ನಾನು ಸಿಇಟಿ ಬರೆದು ಸೀಟು ಪಡೆದವನಾದ್ದರಿಂದ ಇಲ್ಲಿನ ಲೆಕ್ಕಾಚಾರ ನನಗೆ ಪೂರ್ತಿಯಾಗಿ ಅರ್ಥವಾಗುತ್ತಿಲ್ಲ. ನಮ್ಮದು ಇನ್ನೂ ಎಚ್-1ಬಿ ಉದ್ಯೋಗ ವೀಸಾ, ಮಗಳದ್ದು ಅದರ ಅವಲಂಬಿತರಿಗೆ ಕೊಡುವ ಎಚ್-4. ಗ್ರೀನ್ ಕಾರ್ಡ್ ಸರದಿ ಯಾವಾಗ ಬರುತ್ತದೋ ಹೇಳಲಾಗದು. ವರ್ಷಕ್ಕೆ ಎಲ್ಲ ಸೇರಿ 35 ಸಾವಿರ ಡಾಲರ್‌ವರೆಗೆ ನಮ್ಮಿಂದ ಸಾಧ್ಯ. ಈ ಪಟ್ಟಿಯನ್ನು ಎಲ್ಲಿಂದ ತಿದ್ದಬೇಕು?

ಉತ್ತರ: ಆಸ್ಟಿನ್ ಅಮ್ಮ

ಸರ್, ಮೊದಲು ತಿದ್ದಬೇಕಾದದ್ದು ಪಟ್ಟಿಯ ಕೊನೆಯ ಸಾಲು. ಟೆಕ್ಸಸ್‌ನ ಪ್ರೌಢಶಾಲೆಗಳ ಮೊದಲ ಶೇ 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಕೊಡುವ ಕಾನೂನು 1997ರಲ್ಲಿ ಬಂದಿತು. ಆದರೆ ಆಸ್ಟಿನ್‌ಗೆ ಮಾತ್ರ 2009ರಲ್ಲಿ ವಿನಾಯಿತಿ ದೊರೆತು, ರಾಜ್ಯದ ವಿದ್ಯಾರ್ಥಿಗಳ ಸೀಟುಗಳಲ್ಲಿ ಶೇ 75ರಷ್ಟನ್ನು ಹೀಗೆ ತುಂಬಿದರೆ ಸಾಕು ಎಂದಾಯಿತು. ಆದ್ದರಿಂದ ಅಲ್ಲಿನ ಮಿತಿ ಇಳಿಯುತ್ತಾ ಬಂದು, 2026ರಲ್ಲಿ ಸೇರುವವರಿಗೆ ಶೇ 5ಕ್ಕೆ ತಲುಪಿದೆ. ನಿಮ್ಮ ಮಗಳ ಶೇ 8 ಅದರ ಹೊರಗೆ ಉಳಿಯುತ್ತದೆ.

ಇನ್ನೊಂದು ಮಾತನ್ನು ನಮ್ಮವರಲ್ಲಿ ಅನೇಕರು ಗಮನಿಸುವುದಿಲ್ಲ. ಶೇ 5ರೊಳಗೆ ಬಂದವರಿಗೂ ಖಾತರಿಯಾಗುವುದು ವಿಶ್ವವಿದ್ಯಾಲಯದ ಪ್ರವೇಶವೇ ಹೊರತು ಅವರು ಕೇಳಿದ ವಿಭಾಗವಲ್ಲ. ಕಂಪ್ಯೂಟರ್ ಸೈನ್ಸ್‌ನಂಥ ಕಡೆ ಬೇಡಿಕೆ ಎಷ್ಟಿದೆಯೆಂದರೆ, ನೇರ ಪ್ರವೇಶ ಪಡೆದ ಮಕ್ಕಳೂ ಬೇರೆ ವಿಭಾಗದ ಪತ್ರ ಹಿಡಿದು ಕುಳಿತಿರುವುದನ್ನು ನಮ್ಮ ಬಡಾವಣೆಯಲ್ಲೇ ಕಂಡಿದ್ದೇನೆ. ಹೀಗಾಗಿ ನಿಮ್ಮ ಮಗಳಿಗೆ ಆಸ್ಟಿನ್‌ನ ಕಂಪ್ಯೂಟರ್ ಸೈನ್ಸ್ ಖಂಡಿತವಾಗಿ 'ರೀಚ್', ಅಂದರೆ ಸಿಗುವುದು ಕಷ್ಟವಾದ ಆಯ್ಕೆ. ಟೆಕ್ಸಸ್ ಎ ಅಂಡ್ ಎಂನಲ್ಲಿ ಶೇ 10ರ ನಿಯಮ ಈಗಲೂ ಇದೆಯಾದರೂ, ಅಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಕಾಲೇಜಿನಡಿ ಬರುವುದರಿಂದ ಅದಕ್ಕೆ ಪ್ರತ್ಯೇಕ ಪರಿಶೀಲನೆಯಿದೆ. ನಿಮ್ಮ ಮನೆಯ ಪಕ್ಕದ ರಿಚರ್ಡ್‌ಸನ್‌ನಲ್ಲಿರುವ ಯು.ಟಿ. ಡಲ್ಲಾಸ್ ಅನ್ನು ಪಟ್ಟಿಯಲ್ಲಿ ಹೆಸರಿಸದೆ ಬಿಟ್ಟದ್ದು ನನಗೆ ಆಶ್ಚರ್ಯ ತಂದಿತು. ಶೇ 10ರ ನಿಯಮ ಅಲ್ಲಿ ಅನ್ವಯಿಸುತ್ತದೆ, ಪ್ರತಿಭೆಯ ಆಧಾರದ ವಿದ್ಯಾರ್ಥಿವೇತನವೂ ಉಂಟು. ಆದರೆ ಅವಳು ಒಂದು ದಿನ ಅಲ್ಲಿಗೆ ಹೋಗಿ, ತರಗತಿಯೊಂದರಲ್ಲಿ ಕುಳಿತು, ಮನಸ್ಸು ಒಪ್ಪಿದ ಮೇಲೆಯೇ ಸೇರಿಸಿಕೊಳ್ಳಲಿ. ಸಿಕ್ಕರೂ ಹೋಗಲೊಲ್ಲೆ ಎನ್ನುವ ಕಾಲೇಜನ್ನು ಸೇಫ್ಟಿ ಎಂದು ಬರೆದುಕೊಂಡು ಪ್ರಯೋಜನವಿಲ್ಲ.

ಉತ್ತರ: ತುಂಗಾತೀರ

ನಾನು ಹಣ ಮತ್ತು ವೀಸಾದ ವಿಷಯವನ್ನಷ್ಟೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯನ್ನು ಅರ್ಧಕ್ಕೆ ಇಳಿಸುವುದು ಅದೇ.

ಎಚ್-4ನಲ್ಲಿರುವ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಸಿಗುವುದಿಲ್ಲ, ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಸಂಪಾದಿಸಲೂ ಅವಕಾಶವಿಲ್ಲ. ನೆರವಿನ ವಿಷಯದಲ್ಲಿ ಹೆಚ್ಚಿನ ಖಾಸಗಿ ಕಾಲೇಜುಗಳು ಇವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೇ ಸೇರಿಸುತ್ತವೆ. ನಿಮ್ಮ ಪಟ್ಟಿಯಲ್ಲಿ ಎಂಐಟಿ ಮಾತ್ರ, ವಿದ್ಯಾರ್ಥಿ ಯಾವ ದೇಶದ ಪ್ರಜೆಯಾದರೂ ಪ್ರವೇಶ ನಿರ್ಧರಿಸುವಾಗ ಆತನ ಆರ್ಥಿಕ ಅಗತ್ಯವನ್ನು ನೋಡುವುದಿಲ್ಲ, ಸೇರಿಸಿಕೊಂಡರೆ ಆ ಅಗತ್ಯವನ್ನು ಪೂರೈಸುತ್ತದೆ. ಕಾರ್ನೆಗಿ ಮೆಲನ್ ವಿದೇಶಿ ಪ್ರಜೆಗಳಿಗೆ ಆರ್ಥಿಕ ನೆರವನ್ನೇ ನೀಡುವುದಿಲ್ಲ. ವರ್ಷಕ್ಕೆ 80 ಸಾವಿರ ಡಾಲರ್ ದಾಟುವ ಖರ್ಚನ್ನು ಪೂರ್ತಿ ನೀವೇ ಭರಿಸಬೇಕು. ಬರ್ಕ್ಲಿಯೂ ಹೊರರಾಜ್ಯದವರಿಗೆ ಹೆಚ್ಚುಕಡಿಮೆ ಅದೇ ದರದಲ್ಲಿದೆ. ನಿಮ್ಮ 35 ಸಾವಿರವನ್ನು ಎದುರಿಗಿಟ್ಟುಕೊಂಡು ನೋಡಿದರೆ ಇವೆರಡನ್ನೂ ಇಂದೇ ಹೊಡೆದುಹಾಕಬಹುದು. ಉಳಿದವುಗಳಿಗೆ ನೆರವು ಕಳೆದು ನಿಜವಾಗಿ ಎಷ್ಟು ಖರ್ಚು ಬರಬಹುದೆಂದು ಅಂದಾಜಿಸುವ, ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ 'ನೆಟ್ ಪ್ರೈಸ್ ಕ್ಯಾಲ್ಕುಲೇಟರ್' ನೋಡಿ, ಆದರೆ ಅದು ಸಾಮಾನ್ಯವಾಗಿ ಅಮೆರಿಕದ ಪ್ರಜೆಗಳನ್ನು ಉದ್ದೇಶಿಸಿದ್ದೆಂಬುದು ನೆನಪಿರಲಿ.

ಟೆಕ್ಸಸ್‌ನಲ್ಲಿ ಎಚ್-4 ಮಕ್ಕಳು ವಾಸದ ಷರತ್ತು ಪೂರೈಸಿದರೆ ರಾಜ್ಯದ ನಿವಾಸಿಗಳಿಗಿರುವ ಕಡಿಮೆ ಶುಲ್ಕಕ್ಕೆ ಅರ್ಹರು. ತೊಡಕು ಬರುವುದು 21 ತುಂಬಿದಾಗ: ಅಷ್ಟರಲ್ಲಿ ಗ್ರೀನ್ ಕಾರ್ಡ್ ದಾರಿ ತೆರೆಯದಿದ್ದರೆ ಎಚ್-4 ಮುಗಿದು, ಓದು ಮುಂದುವರಿಸಲು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ, ಅದೂ ಪದವಿಯ ಕೊನೆಯ ಭಾಗದಲ್ಲಿ. ಆಗ ಶುಲ್ಕ ಏನಾಗುತ್ತದೆ ಎಂದು ವಿದ್ಯಾರ್ಥಿ ರಾಜ್ಯದ ನಿವಾಸಿಯೇ ಎಂದು ತೀರ್ಮಾನಿಸುವ, ಪ್ರತಿ ವಿಶ್ವವಿದ್ಯಾಲಯದ ರೆಸಿಡೆನ್ಸಿ ಕಚೇರಿಗೆ ಇಮೇಲ್ ಬರೆದು, ಉತ್ತರವನ್ನು ಲಿಖಿತವಾಗಿಯೇ ಪಡೆದಿಟ್ಟುಕೊಳ್ಳಿ. ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕನಿಷ್ಠ 1000 ಡಾಲರ್‌ನ ಸ್ಪರ್ಧಾತ್ಮಕ ವಿದ್ಯಾರ್ಥಿವೇತನ ಪಡೆದ ಹೊರಗಿನ ವಿದ್ಯಾರ್ಥಿಗೂ ರಾಜ್ಯದ ದರವನ್ನೇ ವಿಧಿಸಲು ಟೆಕ್ಸಸ್‌ನ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಅವಕಾಶವಿದೆ. ಯು.ಟಿ. ಡಲ್ಲಾಸ್‌ನ ವಿದ್ಯಾರ್ಥಿವೇತನದ ಬಗ್ಗೆ ಮೇಲೆ ಮೇಡಂ ಹೇಳಿದ ಮಾತಿಗೆ ಈ ಕಾರಣದಿಂದ ಇನ್ನಷ್ಟು ತೂಕವಿದೆ.

ಉತ್ತರ: ಕಾಮನ್‌ಡೇಟಾ

ಸಿಇಟಿ ಬರೆದವರಿಗೆ ಒಂದು ಮಾತು. ಅಲ್ಲಿ ಕಳೆದ ವರ್ಷದ ಕಟ್‌ಆಫ್ ರ‍್ಯಾಂಕ್ ನೋಡಿ ಆಪ್ಷನ್ ಎಂಟ್ರಿಯಲ್ಲಿ ಎಷ್ಟು ಕಾಲೇಜುಗಳನ್ನಾದರೂ ಸಾಲಾಗಿ ತುಂಬಬಹುದಿತ್ತು, ಮೇಲೆ ದೊಡ್ಡ ಹೆಸರುಗಳನ್ನು ಬರೆದುದರಿಂದ ಕೆಳಗಿನ ಸೀಟು ಕೈತಪ್ಪುತ್ತಿರಲಿಲ್ಲ. ಇಲ್ಲಿ ಪ್ರತಿ ಅರ್ಜಿಗೂ ಶುಲ್ಕವಿದೆ, ಹೆಚ್ಚಿನವಕ್ಕೆ ಪ್ರತ್ಯೇಕ ಪ್ರಬಂಧಗಳಿವೆ. ಆರು ರೀಚ್ ಕಾಲೇಜುಗಳ ಪ್ರಬಂಧ ಬರೆದು ಸುಸ್ತಾದ ಹುಡುಗಿ ತನಗೆ ನಿಜವಾಗಿ ಸಿಗಬಹುದಾದ ಕಾಲೇಜಿನ ಅರ್ಜಿಯನ್ನು ಕೊನೆಯ ರಾತ್ರಿ ಅವಸರದಲ್ಲಿ ತುಂಬುವಂತಾಗಬಾರದು.

ಬಹುತೇಕ ಕಾಲೇಜುಗಳು ಪ್ರಕಟಿಸುವ 'ಕಾಮನ್ ಡೇಟಾ ಸೆಟ್' ಎಂಬ ದಾಖಲೆಯಲ್ಲಿ ಸಿ7 ಎಂಬ ಕೋಷ್ಟಕವಿರುತ್ತದೆ. ಅಂಕ, ರ‍್ಯಾಂಕ್, ಪ್ರಬಂಧ, ಶಿಫಾರಸು ಪತ್ರ, ಕಾಲೇಜಿನ ಬಗ್ಗೆ ತೋರಿಸಿದ ಆಸಕ್ತಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವ ಎಂಬುದನ್ನು ಕಾಲೇಜೇ ಅಲ್ಲಿ ಗುರುತು ಹಾಕಿರುತ್ತದೆ. ಸಿ9ರಲ್ಲಿ ಸೇರಿದವರ ಎಸ್‌ಎಟಿ ಅಂಕಗಳಿರುತ್ತವೆ. ಇವು ಇಡೀ ಕಾಲೇಜಿನ ಅಂಕಿಗಳೇ ಹೊರತು ವಿಭಾಗದವಲ್ಲ ಎಂಬುದೇ ಇದರ ಕೊರತೆ: ಇಲಿನಾಯ್ಸ್‌ನ ಒಟ್ಟು ಪ್ರವೇಶ ಪ್ರಮಾಣ ನೋಡಿ ಸಮಾಧಾನಪಟ್ಟುಕೊಂಡರೆ, ಅಲ್ಲಿನ ಕಂಪ್ಯೂಟರ್ ಸೈನ್ಸ್‌ನ ಪ್ರಮಾಣ ಒಂದಂಕಿಯಲ್ಲಿದೆ ಎಂಬುದು ತಿಳಿಯುವುದೇ ಇಲ್ಲ. ನಿಮ್ಮ ಶಾಲೆಯಲ್ಲಿ ನೇವಿಯಾನ್ಸ್ ಅಥವಾ ಅಂಥದೇ ತಂತ್ರಾಂಶವಿದ್ದರೆ, ಅದೇ ಶಾಲೆಯ ಹಿಂದಿನ ಮಕ್ಕಳು ಯಾವ ಅಂಕಕ್ಕೆ ಎಲ್ಲಿ ಆಯ್ಕೆಯಾದರು ಎಂಬ ಚುಕ್ಕಿ ನಕ್ಷೆಯನ್ನು ಕೌನ್ಸೆಲರ್ ತೋರಿಸಬಲ್ಲರು. ದೇಶದ ಸರಾಸರಿಗಿಂತ ಅದನ್ನೇ ನಾನು ಹೆಚ್ಚು ನಂಬುತ್ತೇನೆ.

ಮರುಪ್ರಶ್ನೆ: ಪ್ಲೇನೋವಾಸಿ

ಎಲ್ಲರಿಗೂ ಧನ್ಯವಾದಗಳು. ಕಾರ್ನೆಗಿ ಮೆಲನ್ ಮತ್ತು ಬರ್ಕ್ಲಿ ಬಿಡಲು ಅವಳು ಒಪ್ಪಿದ್ದಾಳೆ, ಎಂಐಟಿ ಬಿಡಲು ಒಪ್ಪುತ್ತಿಲ್ಲ. ಎಸ್‌ಎಟಿಯನ್ನು ಮತ್ತೆ ಬರೆಸಬೇಕೇ?

ಉತ್ತರ: ಆಸ್ಟಿನ್ ಅಮ್ಮ

ಎಂಐಟಿ ಇರಲಿ ಸರ್, ಒಂದು ಕನಸನ್ನು ಅವಳ ಪಾಲಿಗೆ ಬಿಡಿ. ಆಸ್ಟಿನ್, ಜಾರ್ಜಿಯಾ ಟೆಕ್, ಎಂಐಟಿ ಮೂರೂ ಈಗ ಎಸ್‌ಎಟಿ ಅಥವಾ ಅದರಂಥದೇ ಪರೀಕ್ಷೆಯಾದ ಎಸಿಟಿಯ ಅಂಕ ಕೇಳುವುದರಿಂದ ಬೇಸಿಗೆಯಲ್ಲಿ ಇನ್ನೊಮ್ಮೆ ಬರೆಯುವುದು ಒಳ್ಳೆಯದೇ. ಅದಕ್ಕಿಂತ ಮುಂಚೆ, ಶಾಲೆಗೆ ರಜೆ ಬೀಳುವ ಮೊದಲೇ, ಶಿಫಾರಸು ಪತ್ರಕ್ಕಾಗಿ ಇಬ್ಬರು ಶಿಕ್ಷಕರನ್ನು ಅವಳೇ ಹೋಗಿ ಕೇಳಲಿ. ಆಗಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಮುಗಿಬೀಳುವುದರಿಂದ ಮಕ್ಕಳಿಗೆ ಮೆಚ್ಚಿನ ಶಿಕ್ಷಕರು ಅಷ್ಟರಲ್ಲಿ ಬೇರೆಯವರಿಗೆ ಮಾತು ಕೊಟ್ಟುಬಿಟ್ಟಿರುತ್ತಾರೆ.