ವಿಜಯಪುರದ ಬಿಸಿಲಿಗೆ ಡೂಡಲ್ ಮರಿ ಸರಿಹೊಂದುತ್ತದೆಯೇ? ಮಾರುವವರನ್ನು ಹೇಗೆ ಪರೀಕ್ಷಿಸಬೇಕು?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ನಾವು ಆಶ್ರಮ ರಸ್ತೆಯ ಕಡೆ ಸ್ವಂತ ಮನೆಯಲ್ಲಿದ್ದೇವೆ. ಏಳನೆಯ ತರಗತಿಯಲ್ಲಿ ಓದುವ ಮಗಳಿಗೆ ನಾಯಿ ಸಾಕಬೇಕೆಂಬ ಆಸೆ ಬಹಳ ದಿನಗಳಿಂದ ಇದ್ದರೂ, ನಾಯಿ ಬೆಕ್ಕುಗಳ ಹತ್ತಿರ ಹೋದರೆ ಅವಳಿಗೆ ಸೀನು ಮತ್ತು ಕಣ್ಣುರಿ ಶುರುವಾಗುವುದರಿಂದ ಇಷ್ಟು ದಿನ ಮುಂದೂಡುತ್ತ ಬಂದೆವು. ಈಗ ಪುಣೆಯ ಮಾರಾಟಗಾರರೊಬ್ಬರು ಗೋಲ್ಡನ್ ರಿಟ್ರೀವರ್ ಮತ್ತು ಪೂಡಲ್ ಬೆರೆತ ಗೋಲ್ಡನ್‌ಡೂಡಲ್ ಮರಿಗಳ ಜಾಹೀರಾತು ಹಾಕಿದ್ದಾರೆ. ‘ಎಫ್1ಬಿ ಮರಿ, ಕೂದಲು ಉದುರುವುದಿಲ್ಲ, ಅಲರ್ಜಿ ಆಗುವುದೇ ಇಲ್ಲ, ಕೆಸಿಐ ಸರ್ಟಿಫಿಕೇಟ್ ಸಹಿತ’ ಎಂದು ಅದರಲ್ಲಿದೆ. ಮರಿಗಳಿಗೆ ಈಗ ನಲವತ್ತು ದಿನವಂತೆ. ಮುಂಗಡ ಕಳಿಸಿದರೆ ಸೊಲ್ಲಾಪುರದ ಮೇಲೆ ಬರುವ ರಾತ್ರಿ ಬಸ್ಸಿನಲ್ಲಿ ಕಳಿಸಿಕೊಡುತ್ತಾರಂತೆ. ತಾಯಿನಾಯಿಯ ವಿಡಿಯೊ ಕಳಿಸಿರೆಂದು ಕೇಳಿದರೆ ಮರಿಗಳ ಫೋಟೊವನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದಾರೆ.

ಈ ಮಾತುಗಳಲ್ಲಿ ಎಷ್ಟನ್ನು ನಂಬಬಹುದು? ನಮ್ಮ ಊರಿನ ಏಪ್ರಿಲ್, ಮೇ ತಿಂಗಳ ಸೆಕೆಯನ್ನು ಇಷ್ಟು ದಟ್ಟ ಕೂದಲಿನ ನಾಯಿ ತಾಳಿಕೊಳ್ಳುತ್ತದೆಯೇ? ದಿನನಿತ್ಯದ ಆರೈಕೆಗೆ ಎಷ್ಟು ಸಮಯ ಬೇಕಾಗುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಬೆಳಗಾವಿ, ಪಶುವೈದ್ಯ)

ಸರ್, ಆ ಜಾಹೀರಾತಿನ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ತಮ್ಮ ಅರ್ಧ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಗುತ್ತದೆ.

ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಅಡ್ಡತಳಿಗಳನ್ನು ನೋಂದಾಯಿಸುವುದಿಲ್ಲ. ಆದ್ದರಿಂದ ಡೂಡಲ್ ಮರಿಗೆ ಕೆಸಿಐ ಸರ್ಟಿಫಿಕೇಟ್ ಇರಲು ಸಾಧ್ಯವೇ ಇಲ್ಲ. ಎಫ್1ಬಿ ಎಂದರೆ ಮೊದಲ ಪೀಳಿಗೆಯ ಡೂಡಲನ್ನು ಮತ್ತೆ ಪೂಡಲ್‌ಗೆ ಕೂಡಿಸಿ ಪಡೆದ ಮರಿ, ಲೆಕ್ಕಕ್ಕೆ ಮುಕ್ಕಾಲು ಪಾಲು ಪೂಡಲ್. ಹಾಗಿರುವಾಗ ಹೆತ್ತ ಎರಡು ನಾಯಿಗಳಲ್ಲಿ ಕಾಗದ ಇರಬಹುದಾದದ್ದು ಪೂಡಲ್‌ಗೆ ಮಾತ್ರ. ಯಾವ ನಾಯಿಯ ಸರ್ಟಿಫಿಕೇಟ್ ಕೊಡುತ್ತೀರಿ ಎಂದು ಕೇಳಿ ನೋಡಿ, ಅವರ ಉತ್ತರವೇ ಬಹಳಷ್ಟನ್ನು ಹೇಳಿಬಿಡುತ್ತದೆ. ಇನ್ನು ನಲವತ್ತು ದಿನದ ಮಾತು. ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಎಂಬುದನ್ನು ಮರಿ ತನ್ನ ತಾಯಿ ಮತ್ತು ಒಡಹುಟ್ಟುಗಳ ಜೊತೆ ಆಡುತ್ತ ಕಲಿಯುವುದು ಆ ವಾರಗಳಲ್ಲಿಯೇ. ಅದನ್ನು ಕಲಿಯದೆ ಬಂದ ಮರಿಗೆ ಆಮೇಲೆ ತಮ್ಮ ಮಗಳ ಕೈ ಮೇಲೆ ಪಾಠ ನಡೆಯುತ್ತದೆ.

ಅಲರ್ಜಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಡೂಡಲ್ ಎಂಬ ಈ ಪೂಡಲ್ ಬೆರಕೆಯ ನಾಯಿಗಳು ಹೆಸರಾದದ್ದೇ ಆ ಕಾರಣಕ್ಕೆ. ಹವಾಯಿ ದ್ವೀಪದಲ್ಲಿದ್ದ ದೃಷ್ಟಿಹೀನ ಮಹಿಳೆಯೊಬ್ಬರಿಗೆ ದಾರಿ ತೋರುವ ನಾಯಿ ಬೇಕಾಗಿತ್ತು, ಆದರೆ ಅವರ ಪತಿಗೆ ನಾಯಿಯ ಅಲರ್ಜಿ ಇತ್ತು. ಅವರಿಗಾಗಿ ಆಸ್ಟ್ರೇಲಿಯಾದ ಗೈಡ್ ಡಾಗ್ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ 1989ರ ಸುಮಾರಿಗೆ ಲ್ಯಾಬ್ರಡಾರ್ ಮತ್ತು ಪೂಡಲ್‌ಗಳನ್ನು ಕೂಡಿಸಿ ಮೂರು ಮರಿಗಳನ್ನು ಪಡೆದರು. ಮೂರೂ ಮರಿಗಳ ಕೂದಲು ಮತ್ತು ಜೊಲ್ಲಿನ ಮಾದರಿಯನ್ನು ಹವಾಯಿಗೆ ಕಳಿಸಿದಾಗ, ಆ ಪತಿಗೆ ತೊಂದರೆ ಕೊಡದೆ ಇದ್ದದ್ದು ಒಂದೇ ಮರಿಯ ಮಾದರಿ. ಒಂದೇ ಸೂಲಿನ ಮರಿಗಳಲ್ಲಿಯೇ ಇಷ್ಟು ವ್ಯತ್ಯಾಸ! ಲ್ಯಾಬ್ರಡೂಡಲ್ ಎಂಬ ಹೆಸರು ಜನಪ್ರಿಯವಾದ ಮೇಲೆ ಸಿಕ್ಕಸಿಕ್ಕವರೆಲ್ಲ ಸಿಕ್ಕಸಿಕ್ಕ ನಾಯಿಗಳನ್ನು ಕೂಡಿಸತೊಡಗಿದ್ದನ್ನು ಕಂಡು ಕಾನ್ರನ್ ಅವರೇ ಮುಂದೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಅಲರ್ಜಿ ಉಂಟುಮಾಡುವ ಪ್ರೋಟೀನು ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟಿನಲ್ಲಿ ಇರುತ್ತದೆ. ಕೂದಲು ಕಡಿಮೆ ಉದುರಿದರೆ ಮನೆಯಲ್ಲಿ ಗುಡಿಸುವ ಕೆಲಸ ಕಡಿಮೆಯಾದೀತು, ಮಗಳ ಸೀನು ನಿಲ್ಲುತ್ತದೆಂಬ ಭರವಸೆಯನ್ನು ಯಾರೂ ಕೊಡಲಾಗದು. ಮಗಳನ್ನು ಮೊದಲು ಅಲರ್ಜಿ ತಜ್ಞರಿಗೆ ತೋರಿಸಿ. ಅವರು ಒಪ್ಪಿದರೆ ಬೆಳೆದ ಡೂಡಲ್ ಇರುವ ಮನೆಯಲ್ಲಿ ಬೇರೆ ಬೇರೆ ದಿನ ಕೆಲವು ಗಂಟೆ ಕಳೆಯಲು ಬಿಡಿ. ಮರಿಯನ್ನು ಕಾಯ್ದಿರಿಸುವುದು ಅದರ ನಂತರದ ಮಾತು.

‘ಅಡ್ಡತಳಿಯಾದ್ದರಿಂದ ಕಾಯಿಲೆ ಬರುವುದಿಲ್ಲ’ ಎಂಬ ಮಾತನ್ನೂ ತಾವು ಕೇಳುವಿರಿ. ಎರಡು ತಳಿಗಳಲ್ಲಿ ಬೇರೆ ಬೇರೆ ದೋಷಗಳಿದ್ದಾಗ ಅದು ಸ್ವಲ್ಪ ಮಟ್ಟಿಗೆ ನಿಜವಾಗಬಹುದು. ಆದರೆ ಕಣ್ಣಿನೊಳಗೆ ಹಿಂಭಾಗದಲ್ಲಿರುವ ಪದರ ನಿಧಾನವಾಗಿ ಸವೆದು ಕುರುಡುತನ ತರುವ ಪಿಆರ್‌ಎ ಎಂಬ ಆನುವಂಶಿಕ ಕಾಯಿಲೆಯ ಒಂದು ಬಗೆ ಪೂಡಲ್, ಲ್ಯಾಬ್ರಡಾರ್, ಗೋಲ್ಡನ್ ಮೂರರಲ್ಲಿಯೂ ಇದೆ. ತಂದೆ ತಾಯಿ ಎರಡೂ ಅದರ ವಾಹಕಗಳಾಗಿದ್ದರೆ, ಅವು ಆರೋಗ್ಯವಾಗಿ ಕಂಡರೂ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ ಬರುತ್ತದೆ. ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್ಪ್ಲೇಸಿಯಾ ಕೂಡ ಈ ಮೂರು ತಳಿಗಳಿಗೂ ಹೊಸದಲ್ಲ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜು ಕಾಕಾಪೂ, ಲ್ಯಾಬ್ರಡೂಡಲ್, ಕವಪೂ ಎಂಬ ಪೂಡಲ್ ಬೆರಕೆಯ ನಾಯಿಗಳನ್ನು ಅವುಗಳ ಮೂಲ ತಳಿಗಳೊಂದಿಗೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಹುಪಾಲು ಕಾಯಿಲೆಗಳ ಮಟ್ಟಿಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಕೇಳಬೇಕಾದದ್ದು ತಂದೆ ತಾಯಿ ನಾಯಿಗಳ ಡಿಎನ್‌ಎ ವರದಿ, ಎರಡು ವರ್ಷ ತುಂಬಿದ ಮೇಲೆ ತೆಗೆಸಿದ ಸೊಂಟದ ಎಕ್ಸ್‌ರೇ ಮತ್ತು ಕಣ್ಣಿನ ತಪಾಸಣೆಯ ಕಾಗದ. ‘ನಮ್ಮ ಡಾಕ್ಟರು ನೋಡಿದ್ದಾರೆ, ಎಲ್ಲ ಚೆನ್ನಾಗಿದೆ’ ಎಂಬ ಮಾತು ಇವುಗಳಿಗೆ ಬದಲಾಗುವುದಿಲ್ಲ.

ಜವಾಬ್ದಾರಿಯುಳ್ಳ ಬ್ರೀಡರ್ ತಮ್ಮನ್ನೇ ಪ್ರಶ್ನೆ ಕೇಳುತ್ತಾರೆ: ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಮಗುವಿಗೆ ಅಲರ್ಜಿ ಹೆಚ್ಚಾದರೆ ಏನು ಮಾಡುವಿರಿ, ಊರಿಗೆ ಹೋಗುವಾಗ ನಾಯಿಯನ್ನು ಎಲ್ಲಿ ಬಿಡುವಿರಿ. ಸಾಕಲಾಗದೆ ಹೋದರೆ ನಾಯಿಯನ್ನು ನಾವೇ ಹಿಂದಕ್ಕೆ ಪಡೆಯುತ್ತೇವೆ ಎಂದು ಬರೆದು ಕೊಡುತ್ತಾರೆ. ಬಸ್ಸಿನ ಡಿಕ್ಕಿಯಲ್ಲಿ ಮರಿ ಕಳಿಸುವವರಿಂದ ಇದನ್ನು ನಿರೀಕ್ಷಿಸಬೇಡಿ.

ಉತ್ತರ (ಬೆಳಗಾವಿ, ಟಿಳಕವಾಡಿ)

ನಮ್ಮ ಮನೆಯಲ್ಲಿ ಲ್ಯಾಬ್ರಡೂಡಲ್ ಹೆಣ್ಣುನಾಯಿ ಇದೆ. ಡಾಕ್ಟರು ಹೇಳಿದ ವಿಷಯಗಳಿಗೆ ನಾನು ಸೇರಿಸುವಂಥದ್ದೇನೂ ಇಲ್ಲ, ಕೂದಲಿನ ಆರೈಕೆಯ ಬಗ್ಗೆ ಮಾತ್ರ ಬರೆಯುತ್ತೇನೆ. ಫೋಟೊಗಳಲ್ಲಿ ಗೊಂಬೆಯ ಹಾಗೆ ಕಾಣುವ ಡೂಡಲ್‌ಗಳೆಲ್ಲ ಸ್ನಾನ ಮಾಡಿಸಿ, ಒಣಗಿಸಿ, ಬಾಚಿ ಮುಗಿದ ಗಳಿಗೆಯಲ್ಲಿ ಸಿಕ್ಕವು ಎಂಬುದು ಸಾಕಿದವರಿಗಷ್ಟೇ ಗೊತ್ತು.

ಉದುರಬೇಕಾದ ಕೂದಲು ನೆಲಕ್ಕೆ ಬೀಳದೆ ಪಕ್ಕದ ಕೂದಲಿಗೇ ಸುತ್ತಿಕೊಂಡು ಗಂಟಾಗುತ್ತದೆ. ಮೇಲಿನಿಂದ ಬ್ರಷ್ ಆಡಿಸಿದರೆ ಮೈಯೆಲ್ಲ ನಯವಾಗಿ ಕಾಣುತ್ತದೆ, ಆದರೆ ಕಿವಿಯ ಹಿಂದೆ ಬೆರಳಿಟ್ಟು ನೋಡಿದರೆ ಚರ್ಮಕ್ಕೆ ಅಂಟಿಕೊಂಡು ಒಂದು ಗಟ್ಟಿ ಹಪ್ಪಳೆ ಕೈಗೆ ಸಿಗುತ್ತದೆ. ಅದನ್ನು ತಡೆಯಲು ಕೂದಲನ್ನು ಬೈತಲೆ ತೆಗೆದ ಹಾಗೆ ಸಾಲುಸಾಲಾಗಿ ಬಿಡಿಸಿ, ಚರ್ಮ ಕಾಣುವಂತೆ ಹಿಡಿದು, ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆಯನ್ನು ಬುಡದಿಂದ ತುದಿಯವರೆಗೆ ಎಳೆಯಬೇಕು. ಬಾಚಣಿಗೆ ಎಲ್ಲಿಯೂ ತಡೆಯದೆ ಹೊರಬಂದರೆ ಮಾತ್ರ ಆ ಜಾಗ ಮುಗಿದಂತೆ. ಕಂಕುಳು, ತೊಡೆಯ ಒಳಭಾಗ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ, ಈ ಜಾಗಗಳನ್ನು ದಿನವೂ ನೋಡಬೇಕು. ಗಂಟಿರುವಾಗ ನೀರು ಹಾಕಿದರೆ ಅದು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಬಾಚುವುದು ಮೊದಲು, ಸ್ನಾನ ಆಮೇಲೆ. ವರ್ಷ ತುಂಬುವ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ತಿಂಗಳುಗಳು ಎಲ್ಲಕ್ಕಿಂತ ಕಷ್ಟದವು. ಬಹಳ ಜನ ಸೋತು ನಾಯಿಯನ್ನು ಪೂರ್ತಿ ಬೋಳಿಸುವುದು ಆಗಲೇ.

ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಲೇಬೇಕು. ದೊಡ್ಡ ನಾಯಿಯನ್ನು ನಿಲ್ಲಿಸಿಕೊಂಡು ಟ್ರಿಮ್ಮರ್ ಹಿಡಿಯುವವರು ವಿಜಯಪುರದಲ್ಲಿಯೇ ಸಿಗುತ್ತಾರೆಯೇ ಅಥವಾ ಪ್ರತಿ ಸಲ ಸೊಲ್ಲಾಪುರಕ್ಕೋ ಬೆಳಗಾವಿಗೋ ಓಡಬೇಕೇ ಎಂಬುದನ್ನು ಮರಿ ತರುವ ಮುನ್ನವೇ ವಿಚಾರಿಸಿಕೊಳ್ಳಿ. ಇಲ್ಲವಾದರೆ ಟ್ರಿಮ್ಮರ್ ಕೊಂಡು ಮನೆಯಲ್ಲಿಯೇ ಕಲಿಯಬೇಕಾಗುತ್ತದೆ. ಮರಿಯಿದ್ದಾಗಿನಿಂದಲೇ ಅದರ ಸದ್ದು ಕೇಳಿಸಿ, ತಿಂಡಿ ಕೊಟ್ಟು ರೂಢಿ ಮಾಡಿಸಿದರೆ ಮುಂದೆ ಜಗ್ಗಾಟ ಇರುವುದಿಲ್ಲ. ಜೋತುಬಿದ್ದ ಕಿವಿಯೊಳಗೆ ಕೂದಲು ತುಂಬಿ ತೇವ ನಿಲ್ಲುವುದರಿಂದ ಸೋಂಕು ಬೇಗ ಆಗುತ್ತದೆ. ನಮಗೆ ಮಳೆಗಾಲ ಮುಗಿಯುವವರೆಗೂ ಇದೇ ಚಿಂತೆ. ತಮಗೆ ಮಳೆಗಿಂತ ನೆಗ್ಗಿಲ ಮುಳ್ಳಿನ ಕಾಟ ಹೆಚ್ಚಾಗಬಹುದು, ಪಾದದ ಬೆರಳುಗಳ ನಡುವಿನ ಕೂದಲನ್ನು ಚಿಕ್ಕದಾಗಿ ಕತ್ತರಿಸಿಡಿ.

ಮರಿ ಆರಿಸುವಾಗ ಇನ್ನೊಂದನ್ನು ನೋಡಿ. ಎಂಟು ವಾರದ ಹೊತ್ತಿಗೆ ಮೂತಿಯ ಮೇಲೆ, ಹುಬ್ಬಿನ ಮೇಲೆ ಉದ್ದ ಕೂದಲು ಬಂದು ಗಡ್ಡಮೀಸೆಯ ಆಕಾರ ಕಾಣಿಸುತ್ತಿದ್ದರೆ ಆ ಮರಿಯ ಕೂದಲು ಮುಂದೆ ಕಡಿಮೆ ಉದುರುವ ಸಾಧ್ಯತೆ ಹೆಚ್ಚು. ಮೂತಿ ಲ್ಯಾಬ್ರಡಾರ್‌ನ ಹಾಗೆ ನುಣುಪಾಗಿದ್ದರೆ ಅದು ಉದುರಿಸುವ ಮರಿ, ಬೆಲೆ ಎಷ್ಟೇ ಹೇಳಲಿ.

ಉತ್ತರ (ಬಾಗಲಕೋಟೆ ಜಿಲ್ಲೆ, ಮುಧೋಳ ತಾಲ್ಲೂಕು)

ಸರ, ನಮ್ಮ ಮನೆತನದವರು ಮೊದಲಿನಿಂದಲೂ ಮುಧೋಳ ನಾಯಿ ಸಾಕಿಕೊಂಡು ಬಂದವರು. ಡೂಡಲ್ ಬಿಟ್ಟು ಮುಧೋಳ ನಾಯಿ ತೆಗೆದುಕೊಳ್ಳಿ ಎಂದು ಹೇಳಲು ಬಂದಿಲ್ಲ. ಗಿಡ್ಡ ಕೂದಲಿನ ನಮ್ಮ ನಾಯಿ ಈ ಬಿಸಿಲಿಗೆ ಹೇಳಿ ಮಾಡಿಸಿದ್ದಾದರೂ ಅದು ಓಡುವ ನಾಯಿ, ಅದಕ್ಕೆ ಬಯಲು ಬೇಕು. ಅಲರ್ಜಿ ಜೊಲ್ಲಿನಿಂದ ಬರುವುದಾದರೆ ಆ ತೊಂದರೆ ಇದರಲ್ಲಿಯೂ ಇದ್ದೇ ಇದೆ. ಆದರೆ ಕೊಳ್ಳುವ ರೀತಿ ಎರಡಕ್ಕೂ ಒಂದೇ. ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಒಮ್ಮೆ ಬಂದು ಅಲ್ಲಿ ನಾಯಿಗಳ ದಾಖಲೆ ಇಡುವ ಬಗೆಯನ್ನು ವಿಚಾರಿಸಿಕೊಂಡು ಹೋದರೆ, ಪುಣೆಯವರ ಬಳಿ ಏನು ಕೇಳಬೇಕೆಂಬುದು ತಮಗೆ ತಾನಾಗಿಯೇ ಹೊಳೆಯುತ್ತದೆ.

ಮರಿ ನೋಡಲು ಹೋದಾಗ ಮರಿಗಿಂತ ಮೊದಲು ತಾಯಿಯನ್ನು ನೋಡಿ. ಮೊಲೆ ಜೋತುಬಿದ್ದು, ಪಕ್ಕೆಲುಬು ಎದ್ದು, ಅಪರಿಚಿತರನ್ನು ಕಂಡು ಮೂಲೆ ಸೇರುವ ತಾಯಿಯಾದರೆ ಅದಕ್ಕೆ ಬಿಡುವಿಲ್ಲದೆ ಸೂಲು ಮಾಡಿಸುತ್ತಿದ್ದಾರೆ ಎಂದು ತಿಳಿಯಿರಿ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದೆಂದು ಡಾಕ್ಟರು ಹೇಳಿದ ಆ ನಿಯಮದಲ್ಲಿಯೇ ಇದೆ. ತಾಯಿಯನ್ನು ತೋರಿಸದಿದ್ದರೆ ಅಲ್ಲಿಂದ ಎದ್ದುಬನ್ನಿ.

ಬಿಸಿಲಿನ ಬಗ್ಗೆ: ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಹೊತ್ತು ಮೂಡುವ ಮುನ್ನ ಒಮ್ಮೆ, ರಾತ್ರಿ ರಸ್ತೆ ತಣಿದ ಮೇಲೆ ಒಮ್ಮೆ ಮಾತ್ರ ಹೊರಗೆ ಒಯ್ಯಿರಿ. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಇಟ್ಟುಕೊಳ್ಳಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗದು. ಗಚ್ಚಿನ ಮಾಳಿಗೆಯ ಮೇಲೆ ಕಟ್ಟಿಹಾಕಲೇಬಾರದು.

ಪ್ರಶ್ನೆ ಕೇಳಿದವರು

ಮೂವರಿಗೂ ಅನಂತ ಧನ್ಯವಾದಗಳು. ಸರ್ಟಿಫಿಕೇಟ್ ಯಾವ ನಾಯಿಯದೆಂದು ಕೇಳಿದ ಮೇಲೆ ಪುಣೆಯವರು ಉತ್ತರಿಸುವುದನ್ನೇ ನಿಲ್ಲಿಸಿದ್ದಾರೆ. ಆ ವಿಷಯ ಅಲ್ಲಿಗೆ ಮುಗಿಯಿತು. ಮಗಳನ್ನು ಅಲರ್ಜಿ ತಜ್ಞರಿಗೆ ತೋರಿಸಿದ ನಂತರವೇ ಬೇರೆ ಬ್ರೀಡರ್‌ಗಳನ್ನು ಹುಡುಕಬೇಕೆಂದು ಮನೆಯಲ್ಲಿ ಮಾತಾಗಿದೆ. ನಮ್ಮ ತಾಯಿಯವರದು ಒಂದು ಪ್ರಶ್ನೆ ಇದೆ: ಮನೆಯಲ್ಲಿ ಮಾಡುವ ರೊಟ್ಟಿ, ಹಾಲು, ಸಾರು, ಅನ್ನವನ್ನೇ ಮರಿಗೂ ಹಾಕಬಹುದೇ?

ಉತ್ತರ (ಬೆಳಗಾವಿ, ಪಶುವೈದ್ಯ)

ಅಮ್ಮನವರಿಗೆ ನಮಸ್ಕಾರ ತಿಳಿಸಿ. ರೊಟ್ಟಿ, ಅನ್ನ ವಿಷವೇನಲ್ಲ, ಆದರೆ ಬೆಳೆಯುವ ಮರಿಗೆ ಅಷ್ಟೇ ಸಾಲದು. ದೊಡ್ಡ ಗಾತ್ರಕ್ಕೆ ಬೆಳೆಯುವ ಡೂಡಲ್ ಆದರೆ ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರವನ್ನು ಮುಖ್ಯವಾಗಿ ಕೊಟ್ಟು, ಬೇಯಿಸಿದ ಮೊಟ್ಟೆ, ಕೋಳಿಮಾಂಸ, ಸ್ವಲ್ಪ ಅನ್ನವನ್ನು ಅದಕ್ಕೆ ಸೇರಿಸಬಹುದು. ಅಂಥ ಆಹಾರದ ಮೇಲೆ ಔಷಧದ ಅಂಗಡಿಯವರು ಹೇಳಿದರೆಂದು ಕ್ಯಾಲ್ಸಿಯಂ ಸಿರಪ್ ಕುಡಿಸಬೇಡಿ. ಬೇಗ ಬೆಳೆಯುವ ಮರಿಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಹಾಲಿನಿಂದ ಕೆಲವು ಮರಿಗಳಿಗೆ ಭೇದಿಯಾಗುತ್ತದೆ, ಬಿಟ್ಟರೆ ನಷ್ಟವಿಲ್ಲ.

ಸಾರು ಮಾತ್ರ ಬೇಡವೇ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹಸಿಯಾಗಿರಲಿ ಬೆಂದಿರಲಿ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ವಿಜಯಪುರದವರಾದ್ದರಿಂದ ಇನ್ನೊಂದನ್ನು ಒತ್ತಿ ಹೇಳುತ್ತೇನೆ: ದ್ರಾಕ್ಷಿ ಮತ್ತು ಮಣೂಕ (ಒಣದ್ರಾಕ್ಷಿ) ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು, ಎಷ್ಟು ತಿಂದರೆ ಅಪಾಯವಿಲ್ಲ ಎಂಬ ಅಳತೆಯೂ ಇಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚೆಗೆ ತಜ್ಞರು ಭಾವಿಸುತ್ತಿದ್ದಾರೆ, ಅದು ಹುಣಸೆಹಣ್ಣಿನಲ್ಲಿಯೂ ಹೇರಳವಾಗಿದೆ. ತಿಕೋಟಾ ಕಡೆಯ ನೆಂಟರು ಮಣೂಕದ ಡಬ್ಬಿ ತಂದುಕೊಟ್ಟರೆ ಎತ್ತರದಲ್ಲಿಡಿ. ಮರಿ ತಿಂದಿತೆಂದು ಗೊತ್ತಾದ ಕೂಡಲೇ, ವಾಂತಿಯಾಗಲಿ ಎಂದು ಕಾಯದೆ, ಆಸ್ಪತ್ರೆಗೆ ಒಯ್ಯಿರಿ.

ಮರಿ ಬಂದ ಎರಡು ಮೂರು ದಿನಗಳೊಳಗೆ ತಮ್ಮ ಊರಿನ ಪಶುವೈದ್ಯರಿಂದ ತಪಾಸಣೆ ಮಾಡಿಸಿ. ವಾಂತಿಭೇದಿ ತರುವ ಪಾರ್ವೊ ಎಂಬ ವೈರಸ್ ಸೋಂಕು ತಗಲಿದ ಮರಿ ಕೆಲವು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ; ಆದ್ದರಿಂದ ಮೊದಲ ಎರಡು ವಾರಗಳಲ್ಲಿ ಅಂಥ ಕಾಯಿಲೆ ಕಾಣಿಸಿದರೆ ಖರ್ಚು ಯಾರದೆಂಬುದು ಒಪ್ಪಂದದ ಕಾಗದದಲ್ಲಿ ಇರಲಿ. ಪಾರ್ವೊ ಮುಂತಾದ ಹಲವು ಕಾಯಿಲೆಗಳಿಗೆ ಒಟ್ಟಿಗೆ ಹಾಕುವ ಸಂಯುಕ್ತ ಲಸಿಕೆಯನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಅದು ಮುಗಿಯುವವರೆಗೆ ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸದೆ, ಎತ್ತಿಕೊಂಡು ಹೋಗಿ ಸಂತೆ, ಸ್ಕೂಟರ್ ಸದ್ದು, ಜನ ಎಲ್ಲವನ್ನೂ ತೋರಿಸಿ. ಉಣ್ಣಿಯಿಂದ ಬರುವ ಜ್ವರ ನಮ್ಮ ಭಾಗದಲ್ಲಿ ಸಾಮಾನ್ಯ, ದಟ್ಟ ಕೂದಲಿನೊಳಗೆ ಉಣ್ಣಿ ಕಣ್ಣಿಗೆ ಬೀಳುವುದಿಲ್ಲ. ಟಿಳಕವಾಡಿಯ ಅಕ್ಕನವರು ಹೇಳಿದಂತೆ ಬಾಚುವಾಗಲೇ ಕಿವಿಯ ಅಂಚು ಮತ್ತು ಬೆರಳುಗಳ ಸಂದಿಯನ್ನು ಮುಟ್ಟಿ ನೋಡುವ ರೂಢಿ ಇಟ್ಟುಕೊಳ್ಳಿ. ಬೇಸಿಗೆಗೆಂದು ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲಿಗೆ ಮೈ ಸುಡುತ್ತದೆ. ಒಂದು ಅಂಗುಲದಷ್ಟು ಉಳಿಸಿ ಕತ್ತರಿಸಲು ಹೇಳಿ.